ಅತ್ತೆಯ ತೋಳಿನ ಮೇಲಿನ ಗುರುತು

ನನ್ನ ಅತ್ತೆಯ ಎಡತೋಳಿನ ಮೇಲೆ ಮೂಡಿದ್ದ ನಾಲ್ಕು ನೀಲಿ ಕಲೆಗಳ ತಪ್ಪನ್ನು ನಾನು ಬಚ್ಚಲುಮನೆಯ ನಲ್ಲಿಯ ಮೇಲೆ ಹಾಕಿದೆ. ಸ್ನಾನ ಮಾಡಿಸುವಾಗ ವಾಲಿದರು, ನಲ್ಲಿ ಒತ್ತಿತು ಎಂದು ಗಂಡನಿಗೆ ಹೇಳಿದೆ. ಅವರು ಕಲೆಯ ಮೇಲೆ ಬೆರಳಾಡಿಸಿ, "ಎಣ್ಣೆ ಹಚ್ಚು, ಹೋಗುತ್ತೆ" ಎಂದು ಡ್ಯೂಟಿಗೆ ಹೊರಟರು. ಅತ್ತೆ ಅಲ್ಲೇ ಕೂತಿದ್ದರು. ನಡೆದದ್ದನ್ನು ಹೇಳಲು ಅವರಿಗೆ ನೆನಪಿರಲಿಲ್ಲ.

ನಾವಿರುವುದು ರಾಜಗೋಪಾಲನಗರದ ಒಂದು ಬಾಡಿಗೆ ಮನೆಯ ಮೂರನೇ ಮಹಡಿಯಲ್ಲಿ. ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಪಂಪಿನ ಬಿಡಿಭಾಗಗಳನ್ನು ಅಳೆದು ನೋಡುವ ಕೆಲಸದಲ್ಲಿದ್ದೇನೆ. ಗಂಡ ಮಹದೇವಪುರದ ಟೆಕ್ ಪಾರ್ಕೊಂದಕ್ಕೆ ಸ್ಟಾಫ್ ಬಸ್ ಓಡಿಸುತ್ತಾರೆ. ಬೆಳಗಿನ ಟ್ರಿಪ್ ಮುಗಿಸಿ ಬಂದು ಮಧ್ಯಾಹ್ನ ಅಮ್ಮನ ಜೊತೆ ಇರುತ್ತಾರೆ, ಮೂರಕ್ಕೆ ಮತ್ತೆ ಹೊರಡುತ್ತಾರೆ. ಅವರಿಲ್ಲದ ಹೊತ್ತು ಕೆಳಗಿನ ಮನೆಯ ಅಕ್ಕ ಬಂದು ಕೂರುತ್ತಾರೆ. ಸಂಜೆ ಐದೂಕಾಲಿಗೆ ನಾನು ಮನೆ ಸೇರಿದ ಕೂಡಲೇ ಆ ಅಕ್ಕ ಎದ್ದು ಹೋಗುತ್ತಾರೆ. ಮಗಳು ಡಿಗ್ರಿ ಎರಡನೇ ವರ್ಷ, ಆಗ ಅವಳು ಮನೆಗೆ ಬರುತ್ತಿದ್ದುದು ಏಳು ಗಂಟೆಗೆ.

ಈ ಅತ್ತೆ ಕುಣಿಗಲ್ ಕಡೆಯ ಹಳ್ಳಿಯಿಂದ ನಮ್ಮಲ್ಲಿಗೆ ಬಂದದ್ದು ಮಗಳಿಗೆ ಮೂರು ತಿಂಗಳಾಗಿದ್ದಾಗ. ನಾನು ಕೆಲಸ ಬಿಡುತ್ತೇನೆ ಎಂದಾಗ, "ಬುಡಬ್ಯಾಡ ಕಣವ್ವ, ನಾನ್ ಇಲ್ವಾ?" ಎಂದು ಒಂದು ಚೀಲದೊಂದಿಗೆ ಬಂದವರು ಮತ್ತೆ ವಾಪಸ್ ಹೋಗಲಿಲ್ಲ. ಮಗಳ ಮೊದಲ ಹೆಜ್ಜೆ, ಮೊದಲ ಜ್ವರ ಎಲ್ಲವನ್ನೂ ನೋಡಿದವರು ಅವರು. ನನಗೆ ಸಂಜೆ ವರದಿ ಸಿಗುತ್ತಿತ್ತು. ನಾನು ಇವತ್ತು ಯಾವ ಕೆಲಸದಲ್ಲಿದ್ದೇನೋ ಅದು ಅವರು ಉಳಿಸಿಕೊಟ್ಟದ್ದು.

ಮರೆವು ಬಂದದ್ದು ನಿಧಾನವಾಗಿ. ಮೊದಲು ಒಲೆ, ಆಮೇಲೆ ವಾರ, ಆಮೇಲೆ ನಾನು. ಮಗನನ್ನು ಗುರುತಿಸುತ್ತಿದ್ದರು, ಮೊಮ್ಮಗಳನ್ನು ಕೆಲವೊಮ್ಮೆ. ನನ್ನನ್ನು ಮಾತ್ರ ಮನೆ ಮಾಲೀಕರ ಹೆಂಡತಿ ಎಂದುಕೊಂಡುಬಿಟ್ಟಿದ್ದರು. "ಓನರಮ್ಮ" ಎಂದೇ ಕರೆಯುತ್ತಿದ್ದರು. ಮೊದಮೊದಲು ನಾವೆಲ್ಲ ನಕ್ಕೆವು. ಸಂಜೆಯಾದರೆ ಸಾಕು, "ಓನರಮ್ಮ, ಬಾಗ್ಲು ತಗೀರಿ. ಮನೆಗೋಗ್ಬೇಕು. ದನ ಬಂದಿರ್ತವೆ, ಆಲು ಕರೀಬೇಕು" ಎಂದು ಶುರುವಾಗುತ್ತಿತ್ತು. ಇದೇ ನಿಮ್ಮ ಮನೆ ಎಂದು ಒಂದು ಸಲ ಹೇಳಬಹುದು, ಹತ್ತು ಸಲ ಹೇಳಬಹುದು.

ಆ ಕಲೆ ಬಿದ್ದ ದಿನ ಕಾರ್ಖಾನೆಯಲ್ಲಿ, ಕಳಿಸಿದ್ದ ಮಾಲಿನ ಒಂದು ಲಾಟ್ ಪೂರ್ತಿ ವಾಪಸ್ ಬಂದಿತ್ತು. ಊಟಕ್ಕೂ ಬಿಡದೆ ನಿಲ್ಲಿಸಿ ಮತ್ತೆ ಅಳೆಸಿದ್ದರು. ಮನೆಗೆ ಬಂದರೆ ಕೆಳಗಿನ ಅಕ್ಕ ಇಲ್ಲ, ಅತ್ತೆ ಅಕ್ಕಿಯ ಡ್ರಮ್ಮನ್ನು ನೆಲಕ್ಕೆ ಸುರಿದು, ಸೀರೆಯಲ್ಲಿ ಗಂಟು ಕಟ್ಟುತ್ತಿದ್ದರು, ಊರಿಗೆ ಹೋಗಲು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಎದ್ದು ಬಾಗಿಲಿನತ್ತ ನಡೆದರು. ಹೊರಗೆ ಕಡಿದಾದ ಮೆಟ್ಟಿಲು. ಓಡಿ ಹೋಗಿ ತೋಳು ಹಿಡಿದು ಒಳಗೆಳೆದೆ, ಚಿಲಕ ಹಾಕಿದೆ.

ಅಲ್ಲಿಯವರೆಗೆ ಯಾರೂ ನನ್ನನ್ನು ಬಯ್ಯಲಾರರು. ಆದರೆ ಚಿಲಕ ಹಾಕಿದ ಮೇಲೂ ನಾನು ಆ ತೋಳನ್ನು ಬಿಡಲಿಲ್ಲ. ಇನ್ನೂ ಗಟ್ಟಿಯಾಗಿ ಹಿಡಿದೆ. ಹಿಡಿದು ಅಲುಗಾಡಿಸಿದೆ. "ಎಲ್ಲಿಗಾದ್ರೂ ಹೋಗು, ಸತ್ತಾದ್ರೂ ಹೋಗು, ನನ್ನ ಬಿಟ್ಬಿಡು" ಎಂದೆ. ಅವರಿಗೆ ನೋವಾಗುತ್ತಿದೆ ಎಂದು ನನಗೆ ಗೊತ್ತಿತ್ತು, ಆ ಕ್ಷಣಕ್ಕೆ ನೋವಾಗಲಿ ಎಂದೇ ಇತ್ತು. ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ತಿರುಗಿ ನೋಡಿದರೆ ಒಳಕೋಣೆಯ ಬಾಗಿಲಲ್ಲಿ ಮಗಳು ನಿಂತಿದ್ದಳು. ತಲೆನೋವೆಂದು ಅವಳು ಬೇಗ ಬಂದು ಮಲಗಿದ್ದು, ಅವಳಿದ್ದಾಳೆಂದು ಕೆಳಗಿನ ಅಕ್ಕ ಆಗಲೇ ಎದ್ದು ಹೋಗಿದ್ದು ನನಗೆ ಗೊತ್ತಿರಲಿಲ್ಲ. ಅಜ್ಜಿಯನ್ನು ಕರೆದುಕೊಂಡು ಹೋಗಿ ಮಂಚದ ಮೇಲೆ ಕೂರಿಸಿದಳು. ನಾನು ಅಕ್ಕಿ ಬಳಿಯತೊಡಗಿದೆ.

ಮರುದಿನ ತಲೆ ಬಾಚಲು ಬಾಚಣಿಗೆ ಎತ್ತಿದಾಗ ಅತ್ತೆ ಎರಡೂ ಕೈಯನ್ನು ಮುಖಕ್ಕೆ ಅಡ್ಡ ಹಿಡಿದರು. ನನ್ನ ಹೆಸರು ಮರೆತಿದ್ದರು, ಹಿಂದಿನ ಸಂಜೆಯನ್ನೂ ಮರೆತಿದ್ದರು. ಆದರೂ ಕೈ ಎತ್ತಿದರೆ ಹೆದರಬೇಕು ಎಂಬುದು ಅವರ ಮೈಗೆ ನೆನಪಿತ್ತು.

ಅದಾದ ಮೇಲೆ ಮಗಳು ಐದು ಗಂಟೆಗೇ ಮನೆಗೆ ಬರತೊಡಗಿದಳು. ಪುಸ್ತಕ ಹಿಡಿದು ಅಜ್ಜಿಯ ಮಂಚದಲ್ಲೇ ಕೂರುತ್ತಿದ್ದಳು. ಪಾಪ, ನನಗೆ ಸಹಾಯ ಮಾಡುತ್ತಿದ್ದಾಳೆ ಎಂದುಕೊಂಡೆ. ಎರಡು ವಾರ ಹಾಗೇ ಅಂದುಕೊಂಡಿದ್ದೆ. ಒಂದು ದಿನ ಅತ್ತೆಗೆ ಊಟ ಮಾಡಿಸಲು ತಟ್ಟೆ ಹಿಡಿದು ಬಂದರೆ ಅವಳು ಎದ್ದು ನಡುವೆ ನಿಂತಳು.

"ಕೊಡು, ನಾನ್ ತಿನ್ನಿಸ್ತೀನಿ."

"ನೀನು ಓದ್ಕೋ, ನಾನು ಮಾಡ್ತೀನಿ."

"ಬೇಡಮ್ಮ. ನಾನೇ ತಿನ್ನಿಸ್ತೀನಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೆದರಿದ ಮಗುವನ್ನು ಸಮಾಧಾನ ಮಾಡುವ ಹಾಗಿತ್ತು, ಆದರೆ ಹೆದರಿದ್ದವಳು ಅವಳು. ಆಗ ನನಗೆ ತಿಳಿಯಿತು. ಅವಳು ಸಹಾಯ ಮಾಡುತ್ತಿರಲಿಲ್ಲ, ಕಾವಲು ಕಾಯುತ್ತಿದ್ದಳು. ನನ್ನಿಂದ.

ಅತ್ತೆಯನ್ನು ತಿಂಗಳಿಗೊಮ್ಮೆ ಒಂದು ಟ್ರಸ್ಟಿನ ಕ್ಲಿನಿಕ್ಕಿಗೆ ಕರೆದೊಯ್ಯುತ್ತಿದ್ದೆವು. ಅಲ್ಲಿಯ ಡಾಕ್ಟರು ಹಿಂದೊಮ್ಮೆ, "ಇವರನ್ನ ನೋಡ್ಕೊಳ್ಳೋರು ನೀವು ಹೇಗಿದ್ದೀರಿ?" ಎಂದು ಕೇಳಿದ್ದರು. ಚೆನ್ನಾಗಿದ್ದೇನೆ ಎಂದಿದ್ದೆ. ಅವರು ನಂಬದೆ ಒಂದು ಚೀಟಿ ಕೊಟ್ಟಿದ್ದರು: ಶನಿವಾರ ಮಧ್ಯಾಹ್ನ ಅಲ್ಲೇ ಮೇಲಿನ ಕೋಣೆಯಲ್ಲಿ ಕೌನ್ಸೆಲರ್ ಸಿಗುತ್ತಾರೆ. ಆ ಚೀಟಿ ನನ್ನ ಊಟದ ಚೀಲದಲ್ಲಿ ಸಾರಿನ ಕಲೆ ಹತ್ತಿಸಿಕೊಂಡು ಬಿದ್ದಿತ್ತು. ಹೋಗಲು ಹೆದರಿಕೆ. ಕೌನ್ಸೆಲಿಂಗ್ ಎಂದರೆ ತಲೆ ಕೆಟ್ಟವರಿಗೆ ಎಂದು ಕಾರ್ಖಾನೆಯ ನಮ್ಮ ಲೈನಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು, ನಾನೂ ಆಡಿಕೊಂಡಿದ್ದೆ. ಅದಕ್ಕಿಂತ ದೊಡ್ಡ ಹೆದರಿಕೆ ಪೊಲೀಸರದು. ವಯಸ್ಸಾದವರಿಗೆ ನೋವು ಮಾಡಿದೆ ಎಂದು ಬಾಯಿ ಬಿಟ್ಟರೆ ಕೌನ್ಸೆಲರ್ ಫೋನ್ ಮಾಡಿ ಜೀಪು ಕರೆಸಿದರೆ?

ಮಗಳು ಅಡ್ಡ ನಿಂತ ವಾರದ ಶನಿವಾರ ಅರ್ಧ ದಿನ ರಜೆ ಹಾಕಿದೆ. ಮಗಳಿಗೆ ಮಾತ್ರ ಹೇಳಿದೆ. "ಹೋಗ್ಬಾ, ಅಜ್ಜಿ ಜೊತೆ ನಾನಿರ್ತೀನಿ" ಎಂದಳು.

ಕ್ಲಿನಿಕ್ಕಿನ ಮುಂದೆ ಎರಡು ಸಲ ಹಾದುಹೋದೆ. ಎದುರಿನ ಅಂಗಡಿಯಲ್ಲಿ ಬೇಡದ ಒಂದು ಸೋಪು ಕೊಂಡೆ. ಮೂರನೇ ಸಲ ಮೆಟ್ಟಿಲು ಹತ್ತಿದೆ. ಒಂದು ಫಾರಂ ಕೊಟ್ಟರು. 'ಬಂದ ಕಾರಣ' ಎಂಬ ಜಾಗದಲ್ಲಿ 'ನಿದ್ದೆ ಬರುವುದಿಲ್ಲ' ಎಂದು ಬರೆದೆ. ಅದು ಸುಳ್ಳೇನಲ್ಲ.

ಒಳಗೆ ಮಲಗಿಸುವ ಮಂಚ ಇರುತ್ತದೆ, ಕಣ್ಣಲ್ಲಿ ಕಣ್ಣಿಟ್ಟು ಗುಟ್ಟು ಎಳೆಯುತ್ತಾರೆ ಎಂದೇನೇನೋ ಎಣಿಸಿದ್ದೆ. ಇದ್ದದ್ದು ಎರಡು ಕುರ್ಚಿ, ಒಂದು ಫ್ಯಾನು, ಒಂದು ನೀರಿನ ಜಗ್ಗು. ಕೌನ್ಸೆಲರ್ ನನ್ನ ಮಗಳಿಗಿಂತ ಏಳೆಂಟು ವರ್ಷ ದೊಡ್ಡವಳಿರಬೇಕು, ಅಷ್ಟೆ. ಈ ಹುಡುಗಿಗೆ ಅತ್ತೆ ಸೊಸೆ ಎಂದರೆ ಏನು ಗೊತ್ತು ಎನ್ನಿಸಿತು.

ಆಕೆ ಮೊದಲೇ ನೇರವಾಗಿ ಹೇಳಿದರು. "ನೀವು ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ ಅಕ್ಕ. ನಿಮ್ಮ ಮನೆಯವರಿಗೂ ಹೇಳಲ್ಲ. ಒಂದೇ ವಿಷಯ, ಯಾರದಾದ್ರೂ ಜೀವಕ್ಕೆ ಅಪಾಯ ಇದೆ ಅನ್ನಿಸಿದ್ರೆ ಸುಮ್ನಿರಕ್ಕಾಗಲ್ಲ. ಆಗಲೂ ಮೊದಲು ನಿಮಗೇ ಹೇಳ್ತೀನಿ."

ಆ ಕೊನೆಯ ಮಾತಿಗೆ ಮತ್ತೆ ಪೊಲೀಸ್ ಜೀಪು ನೆನಪಾಯಿತು. ಪೂರ್ತಿ ಮುಕ್ಕಾಲು ಗಂಟೆ ನಿದ್ದೆಯ ಬಗ್ಗೆ, ಮಂಡಿ ನೋವಿನ ಬಗ್ಗೆ, ಮ್ಯಾನೇಜರ್ ಬಗ್ಗೆ ಮಾತಾಡಿ ಬಂದೆ. ಆಕೆ ಬರೆದುಕೊಂಡರು, ಮಾತ್ರೆ ಕೊಡಲಿಲ್ಲ. ಹೊರಡುವಾಗ, "ಇನ್ನೇನೋ ಹೇಳೋದಿದೆ ಅನ್ಸುತ್ತೆ. ಅರ್ಜೆಂಟಿಲ್ಲ" ಎಂದರು. ಬಸ್ಸಿನಲ್ಲಿ ಕೂತು ಕಣ್ಣೀರು ಹಾಕಿದೆ. ಇನ್ನೊಂದು ಸುಳ್ಳು ಹೇಳಿ ಬಂದ ಹಾಗಾಗಿತ್ತು.

ಎರಡನೇ ಸಲ ಹೋದಾಗ ಹೇಳಿದೆ. ಕೂರುವ ಮೊದಲೇ, ನಿಂತುಕೊಂಡೇ ಹೇಳಿದೆ. ಅವರು ಬೆಚ್ಚಿ ಬೀಳಲಿಲ್ಲ. ಅಯ್ಯೋ ಪಾಪ ಎಂದೂ ಅನ್ನಲಿಲ್ಲ.

"ಅದೊಂದೇ ಸಲಾನಾ ಅಕ್ಕ?"

ಹೌದು ಎನ್ನಲು ಬಾಯಿ ತೆರೆದೆ. ಆಮೇಲೆ, "ಇಲ್ಲ. ಮೂರು ಸಲ" ಎಂದೆ. ಅದಕ್ಕೆ ಮುಂಚೆ ಒಮ್ಮೆ ಅವರನ್ನು ಮಂಚದ ಮೇಲೆ ಜೋರಾಗಿ ಕುಕ್ಕಿ ಕೂರಿಸಿದ್ದೆ, ಒಮ್ಮೆ ಬೆನ್ನಿಗೆ ಹೊಡೆದಿದ್ದೆ. ಕಲೆ ಬಿದ್ದಿರಲಿಲ್ಲವಾದ್ದರಿಂದ ನಾನು ಅವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಈಗ ಆಕೆ, ಪರವಾಗಿಲ್ಲ, ಎಲ್ಲರೂ ಮಾಡುವುದೇ ಎನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ. ನನಗೆ ಸಿಟ್ಟು ಬಂತು. "ಬೈದಾದ್ರೂ ಬೈಯಿರಿ ಮೇಡಂ" ಎಂದೆ.

"ನಿಮ್ಮನ್ನ ಬೈಯಕ್ಕೂ, ಕ್ಷಮಿಸಕ್ಕೂ ನಾನ್ಯಾರು? ಅವರಿಗೆ ಮತ್ತೆ ನೋವಾಗಬಾರದು. ಇವತ್ತು ಅದನ್ನ ನೋಡೋಣ. ನಿಮ್ಮ ಬಗ್ಗೇನೂ ಮಾತಾಡೋಣ, ಆದ್ರೆ ಮೊದಲು ಅದು."

ಆಮೇಲೆ ಕೇಳಿದ ಪ್ರಶ್ನೆಗಳೆಲ್ಲ ತೀರಾ ಸಾಮಾನ್ಯ. ಮೂರೂ ಸಲ ಎಷ್ಟು ಗಂಟೆಯಾಗಿತ್ತು? ನೀವು ಏನಾದರೂ ತಿಂದಿದ್ದಿರಾ? ಮನೆಯಲ್ಲಿ ಬೇರೆ ಯಾರಿದ್ದರು? ಉತ್ತರ ಹೇಳುತ್ತಾ ನನಗೇ ಕಂಡಿತು: ಮೂರೂ ಸಲ ನಾನು ಬಂದು ಅರ್ಧ ಗಂಟೆಯೊಳಗೆ, ಹಸಿದ ಹೊಟ್ಟೆಯಲ್ಲಿ. ಕೆಳಗಿನ ಅಕ್ಕನನ್ನು ಇನ್ನರ್ಧ ಗಂಟೆ ಇರಿಸಿಕೊಳ್ಳುವುದು, ಬಂದ ತಕ್ಷಣ ಏನಾದರೂ ತಿನ್ನುವುದು, ಸಿಟ್ಟಿಗೆ ಕೈ ಬಿಸಿಯಾಗುತ್ತಿದೆ ಎನ್ನಿಸಿದರೆ ಚಿಲಕ ಭದ್ರ ಮಾಡಿ ಅಡುಗೆಮನೆಗೆ ಹೋಗಿ ನಿಲ್ಲುವುದು ಎಂದು ಮಾತಾಯಿತು. ಇಷ್ಟೇನಾ ಎನ್ನಿಸಿತು. ಆದರೆ ಆಕೆ ಕೊನೆಗೆ ಹೇಳಿದ್ದು ಅಷ್ಟು ಸುಲಭದ್ದಾಗಿರಲಿಲ್ಲ.

"ನಿಮ್ಮ ಯಜಮಾನರಿಗೆ ಗೊತ್ತಾಗ್ಬೇಕು ಅಕ್ಕ. ಅವರ ಅಮ್ಮ ಅದು."

ಅದಕ್ಕೆ ನನಗೆ ಮೂರು ವಾರ ಬೇಕಾಯಿತು. ಒಂದು ಭಾನುವಾರ ಬೆಳಿಗ್ಗೆ ಗಂಡ ಟೆರೇಸಿನಲ್ಲಿ ಯೂನಿಫಾರಂ ಒಣಹಾಕುತ್ತಿದ್ದಾಗ ಹೇಳಿದೆ. ನಲ್ಲಿಯ ಸುಳ್ಳನ್ನೂ ಹೇಳಿದೆ. ಅವರು ಷರ್ಟನ್ನು ತಂತಿಯ ಮೇಲೆ ಹಾಕಿ, ಅದರ ಮಡಿಕೆ ಸರಿಮಾಡುತ್ತಲೇ ಇದ್ದರು.

"ನನ್ನಮ್ಮ ಕಣೇ ಅದು," ಎಂದರು. "ನಿನ್ನ ಮಗಳನ್ನ ಸಾಕಿದ್ದು."

"ಗೊತ್ತು."

"ಗೊತ್ತಿದ್ದೂ ಮಾಡಿದ್ಯಲ್ಲ."

ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಐದನೇ ದಿನ ಬಂದು, ವಾರಕ್ಕೆ ಮೂರು ಸಂಜೆಯ ಟ್ರಿಪ್ ಬೇರೆ ಡ್ರೈವರಿಗೆ ಬಿಟ್ಟುಕೊಟ್ಟಿದ್ದೇನೆ ಎಂದಷ್ಟೇ ಹೇಳಿದರು. ಕ್ಷಮಿಸಿದ್ದೇನೆ ಎಂದು ಇವತ್ತಿನವರೆಗೂ ಹೇಳಿಲ್ಲ. ನಾನೂ ಕೇಳಿಲ್ಲ.

ಅತ್ತೆಯ ಹತ್ತಿರ ಮಾತ್ರ ಕೇಳಿದೆ. ಕಾಲ ಬಳಿ ಕೂತು, ತಪ್ಪಾಯಿತು, ನಾನು ನಿಮಗೆ ಹೊಡೆದೆ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಬಹಳ ಮರ್ಯಾದೆಯಿಂದ, "ಆಗ್ಲಿ ಬುಡಿ ಓನರಮ್ಮ, ಅಷ್ಟೊಂದು ಕೇಳ್ತಿದೀರಿ, ಇನ್ನೊಂದ್ ತಿಂಗ್ಳು ಇರ್ತೀನಿ" ಎಂದರು.

ಮುಂದಿನ ಶನಿವಾರ ಇದನ್ನು ಕೌನ್ಸೆಲರಿಗೆ ಹೇಳುವಾಗ ನಗು ಬಂತು, ನಗುತ್ತಲೇ ಅಳು ಬಂತು. ಯಾರ ಕ್ಷಮೆ ನನಗೆ ಬೇಕಿತ್ತೋ ಅವರು ಆ ಮೈಯೊಳಗೆ ಈಗ ಇಲ್ಲ. ಆ ಅಳುವಿಗೆ ಆಕೆ ಯಾವ ಉಪಾಯವನ್ನೂ ಹೇಳಲಿಲ್ಲ. ನೀರು ಬಗ್ಗಿಸಿ ಕೊಟ್ಟು, ಮುಗಿಯುವವರೆಗೆ ಕೂತಿದ್ದರು. ಅಲ್ಲಿಗೆ ಹೋದರೆ ಭಾರ ಇಳಿಯುತ್ತದೆ ಎನ್ನುತ್ತಾರೆ. ನನಗೆ ಹಾಗಾಗಲಿಲ್ಲ. ಭಾರ ಅಲ್ಲೇ ಇದೆ, ಅದನ್ನು ಹೊತ್ತುಕೊಂಡು ಇನ್ನೊಬ್ಬರ ಮೇಲೆ ಬೀಳದ ಹಾಗೆ ನಡೆಯುವುದು ಸ್ವಲ್ಪ ಗೊತ್ತಾಗಿದೆ. ಅತ್ತೆ ಈಗ ಎದ್ದು ಓಡಾಡುವುದಿಲ್ಲ, ಮಾತೂ ಕಡಿಮೆ. ಆಮೇಲೆ ಒಮ್ಮೆಯೂ ಅವರ ಮೇಲೆ ಕೈ ಮಾಡಿಲ್ಲ. ದನಿ ಎತ್ತಿಲ್ಲ ಎಂದು ಮಾತ್ರ ಹೇಳಲಾರೆ.

ಮೊನ್ನೆ ಕೆಲಸ ಬಿಟ್ಟು ಬಸ್ಸಿನಲ್ಲಿ ಬರುವಾಗ, ನನ್ನ ಪಕ್ಕದ ಟೇಬಲ್ಲಿನಲ್ಲಿ ಅಳೆಯುವ ಹೆಂಗಸು ಕೇಳಿದಳು. "ಏನಕ್ಕಾ, ತಿಂಗ್ಳಿಗೊಂದು ಶನಿವಾರ ಅರ್ಧ ದಿನ ಎಲ್ಲಿಗೆ ಮಾಯ ಆಗ್ತೀರಾ?"

"ಕೌನ್ಸೆಲರ್ ಹತ್ರ."

"ಅಯ್ಯೋ, ಯಾಕೆ? ಏನಾಯ್ತು ನಿಮಗೆ?"

ನನಗೆ ಏನೂ ಆಗಿರಲಿಲ್ಲ. "ನಮ್ಮತ್ತೆಗೆ ಹೊಡೆದಿದ್ದೆ, ಅದಕ್ಕೆ" ಎಂದೆ. ಅವಳು ಕಿಟಕಿಯ ಕಡೆ ತಿರುಗಿದಳು. ಅವಳ ಮನೆಯಲ್ಲೂ ಹಾಸಿಗೆ ಹಿಡಿದ ಮಾವ ಇದ್ದಾರೆ. ಮರುದಿನ ಅವಳು ಬೇರೆ ಸೀಟಿನಲ್ಲಿ ಕೂತಳು, ನಾನು ಕರೆಯಲು ಹೋಗಲಿಲ್ಲ.