ಬಿಳಿ ಕೋಳಿಯ ಕಂದು ಮೊಟ್ಟೆ

ದಿನಾ ಬೆಳಿಗ್ಗೆ ಆರಕ್ಕೆ ಡೆರ್ನಾ ಒಲೆಯ ಮುಂದೆ ಸ್ಟೂಲ್ ಎಳೆದುಕೊಂಡು ಕೂರುತ್ತಿದ್ದಳು. ಒಂದು ಪಕ್ಕದಲ್ಲಿ ಪೇಟೆಯಿಂದ ವ್ಯಾನಿನಲ್ಲಿ ಬಂದ ಮೊಟ್ಟೆಗಳು, ಇನ್ನೊಂದು ಪಕ್ಕದಲ್ಲಿ ವಿನೆಗರ್ ಬಟ್ಟಲು, ಕೈಯಲ್ಲಿ ಸತ್ತ ಗಂಡನ ಬನಿಯನ್ನಿನ ಒಂದು ಚೂರು. ಪ್ರತಿ ಮೊಟ್ಟೆಯ ಮೇಲೂ ಕೆಂಪು ಶಾಯಿಯಲ್ಲಿ ಒಂದು ಸಾಲು ಅಂಕಿ ಒತ್ತಿರುತ್ತಿತ್ತು. ಮೊದಲ ಅಂಕಿ ಮೂರು. ಮೂರು ಅಂದರೆ ಪಂಜರದ ಕೋಳಿ, ಹುಟ್ಟಿ ಸಾಯುವವರೆಗೆ ಮಣ್ಣು ಕಾಣದ್ದು. ಡೆರ್ನಾ ಆ ಮುದ್ರೆಯನ್ನು ಉಜ್ಜಿ ಉಜ್ಜಿ ಅಳಿಸುತ್ತಿದ್ದಳು. ಆಮೇಲೆ ಮೊಟ್ಟೆಗಳನ್ನು ಉಣ್ಣೆಯ ಶಾಲಿನಲ್ಲಿ ಸುತ್ತಿ ಒಲೆಯ ಪಕ್ಕ ಬೆಚ್ಚಗಾಗಲು ಇಡುತ್ತಿದ್ದಳು. ಏಳೂವರೆಗೆ ಅಂಗಳ ದಾಟಿ ಹೋಗಿ ಹೋಟೆಲಿನ ಕೋಳಿಗಳ ಕೆಳಗೆ ಒಂದೊಂದಾಗಿ ತೂರಿಸಿ ಬರುತ್ತಿದ್ದಳು.

ಎಂಟಕ್ಕೆ ಅತಿಥಿಗಳ ಸವಾರಿ. ಕಾಲಿಗೆ ಹೋಟೆಲಿನವರೇ ಕೊಟ್ಟ ಹೊಚ್ಚಹೊಸ ರಬ್ಬರ್ ಬೂಟು, ಕೈಯಲ್ಲಿ ಕಸೂತಿ ಬಟ್ಟೆ ಹಾಸಿದ ಬುಟ್ಟಿ. ಕೋಳಿಯನ್ನು ಎರಡೇ ಬೆರಳಲ್ಲಿ ಅತ್ತ ಸರಿಸಿ ಮೊಟ್ಟೆ ಎತ್ತುವುದು, ಅದನ್ನು ಕೆನ್ನೆಗೆ ಒತ್ತಿಕೊಳ್ಳುವುದು, "ಅಯ್ಯೋ, ಇನ್ನೂ ಬೆಚ್ಚಗಿದೆ!" ಎಂದು ಕಣ್ಣಲ್ಲಿ ನೀರು ತಂದುಕೊಳ್ಳುವುದು. ಡೆರ್ನಾಳಿಗೆ ಅರ್ಥವಾಗುತ್ತಿದ್ದ ಇಂಗ್ಲಿಷ್ ಅದೊಂದೇ ವಾಕ್ಯ. ಆ ಮಾತು ಕೇಳಿದಾಗಲೆಲ್ಲ ಅವಳು ಒಳಗೊಳಗೇ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಳು. ಅವರು ಅವಳನ್ನು 'ನೊನ್ನಾ', ಅಂದರೆ ಅಜ್ಜಿ, ಎಂದು ಕರೆದು ಹೆಗಲ ಮೇಲೆ ಕೈಹಾಕಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅವಳಿಗೆ ಮಕ್ಕಳೇ ಆಗಿರಲಿಲ್ಲ. ಹೆಸರು ಏನು ಎಂದು ಕೇಳಿದವರೂ ಇಲ್ಲ.

ನಗುವುದಕ್ಕೆ ಇನ್ನೂ ದೊಡ್ಡ ಕಾರಣ ಇತ್ತು. ಹೋಟೆಲಿನ ಕೋಳಿಗಳು ಲಿವೊರ್ನೊ ಜಾತಿಯವು, ಅಚ್ಚ ಬಿಳಿ. ಕಲ್ಲುಗೋಡೆಯ ಮುಂದೆ ಫೋಟೊದಲ್ಲಿ ಚೆನ್ನಾಗಿ ಕಾಣುತ್ತವೆಂದು ಒಡತಿ ಒಟ್ಟಾವಿಯಾ ಆರಿಸಿ ತರಿಸಿದ್ದು. ಆ ಕೋಳಿಗಳು ಇಡುವುದು ಬಿಳಿ ಮೊಟ್ಟೆ, ಅದೂ ಮನಸ್ಸು ಬಂದಾಗ ನಾಲ್ಕೋ ಐದೋ. ಹೋಟೆಲಿನ ಬುಟ್ಟಿಗಳು ಇಪ್ಪತ್ತು. ಜೊತೆಗೆ, ಬಿಳಿ ಮೊಟ್ಟೆ ಪೇಟೆಯದು, ಕಂದು ಮೊಟ್ಟೆ ಹಳ್ಳಿಯದು ಎಂಬುದು ಅತಿಥಿಗಳ ತಿಳಿವಳಿಕೆ. ಹಾಗಾಗಿ ಒಟ್ಟಾವಿಯಾ ಕಂದು ಮೊಟ್ಟೆಗಳನ್ನೇ ತರಿಸುತ್ತಿದ್ದಳು. ಮೂರು ವರ್ಷದಿಂದ ಬಿಳಿ ಕೋಳಿಯ ಹೊಟ್ಟೆಯ ಕೆಳಗಿಂದ ಕಂದು ಮೊಟ್ಟೆ ಹೊರಡುತ್ತಿತ್ತು. ಸರ್ಜನ್ನುಗಳು ಬಂದರು, ನ್ಯಾಯಾಧೀಶರು ಬಂದರು, ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುವ ಒಬ್ಬಾತ ಹೆಂಡತಿ ಸಮೇತ ಬಂದು ಒಂದು ವಾರ ಇದ್ದ. ಒಬ್ಬರ ತಲೆಗೂ ಹೊಳೆಯಲಿಲ್ಲ. ಊಟದ ಕೋಣೆಯ ಬಾಗಿಲಿನ ಮೇಲೆ 'ಹೊಲದಿಂದ ನೇರ ತಟ್ಟೆಗೆ' ಎಂದು ಬರೆದಿತ್ತು. ಅದರ ಕೆಳಗೆ ನಿಂತು ಅವರು ಆ ಮೊಟ್ಟೆಯನ್ನು ಹೊಗಳಿಕೊಂಡು ತಿಂದರು.

ಇಟಲಿಯ ಟಸ್ಕನಿಯ ಆ ಗುಡ್ಡದ ಮೇಲೆ, ಈಗ ಹೋಟೆಲಾಗಿರುವ ಆ ಮನೆಯಲ್ಲೇ ಡೆರ್ನಾ ಹುಟ್ಟಿದ್ದು, ಎಪ್ಪತ್ತೆರಡು ವರ್ಷದ ಕೆಳಗೆ. ಅವಳ ಅಪ್ಪ ಅಮ್ಮ ಒಟ್ಟಾವಿಯಾಳ ಅಜ್ಜನ ಜಮೀನನ್ನು ಪಾಲಿಗೆ ಗೇಯುತ್ತಿದ್ದರು. ಬೆಳೆದದ್ದರಲ್ಲಿ ಅರ್ಧ ಧಣಿಗೆ. ಅಪ್ಪನ ಎತ್ತುಗಳು ಗಂಜಲ ಹುಯ್ಯುತ್ತಿದ್ದ ಕೊಟ್ಟಿಗೆಯಲ್ಲಿ ಈಗ ಅತಿಥಿಗಳು ಬೋರಲು ಮಲಗಿ ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾರೆ. ಡೆರ್ನಾ ಹುಟ್ಟಿದ ಕೋಣೆ ಎಲ್ಲಕ್ಕಿಂತ ದುಬಾರಿ ಕೋಣೆ. ಬಾಣಂತಿ ನರಳಿದ ಆ ಮೂಲೆಯಲ್ಲಿ ಕಾಲು ಚಾಚುವ ಸ್ನಾನದ ತೊಟ್ಟಿ ಇಟ್ಟಿದ್ದಾರೆ.

ಅರ್ಧ ಪಾಲು ಕೊಟ್ಟರೆ ಮುಗಿಯುತ್ತಿರಲಿಲ್ಲ. ಈಸ್ಟರ್ ಬಂತೆಂದರೆ ಪ್ರತಿ ಒಕ್ಕಲಿನ ಹೆಂಗಸೂ ಧಣಿಯ ಮನೆಗೆ ಮೊಟ್ಟೆ ಒಪ್ಪಿಸಬೇಕಿತ್ತು. ಅಂಗಳದಲ್ಲಿ ಪಾರುಪತ್ಯಗಾರ ಒಂದು ಕಬ್ಬಿಣದ ಬಳೆ ಹಿಡಿದು ಕೂರುತ್ತಿದ್ದ. ತಂದ ಮೊಟ್ಟೆಯನ್ನೆಲ್ಲ ಬಳೆಯಲ್ಲಿ ಹಾಕಿ ನೋಡುವನು. ಬಳೆಯಲ್ಲಿ ನಿಂತರೆ ದೊಡ್ಡದು, ಧಣಿಗೆ ಯೋಗ್ಯ. ತೂರಿ ಹೋದರೆ ಚಿಕ್ಕದು, ಅದು ಅಲ್ಲೇ ಕಲ್ಲಿನ ಮೇಲೆ ಬಿದ್ದು ಒಡೆಯುತ್ತಿತ್ತು. ಅವನು ಕೈ ಅಡ್ಡ ಇಡುತ್ತಿರಲಿಲ್ಲ, ಬೇಕೆಂದೇ. ಡೆರ್ನಾಳ ತಾಯಿ ಪಾಲ್ಮಿರಾ ಮಹಾ ಗಟ್ಟಿಗಿತ್ತಿ. ಅದೇ ಅಳತೆಗೆ ಬೆತ್ತದ ಒಂದು ಬಳೆ ಸುತ್ತಿಟ್ಟುಕೊಂಡಿದ್ದಳು. ಆ ಬಳೆಯಲ್ಲಿ ಕೂದಲೆಳೆಯಷ್ಟರಲ್ಲಿ ನಿಲ್ಲುವಂಥವನ್ನು ಧಣಿಗೆ ಆರಿಸಿಟ್ಟು, ಮುಷ್ಟಿಯಗಲದ ಮೊಟ್ಟೆಗಳನ್ನು ಹಿಟ್ಟಿನ ಪೆಟ್ಟಿಗೆಯಲ್ಲಿ ಹೂತು ಮಕ್ಕಳಿಗೆ ತಿನ್ನಿಸುತ್ತಿದ್ದಳು.

ತಾನು ಆ ತಾಯಿಯ ಮಗಳು ಎಂಬ ಜಂಬ ಡೆರ್ನಾಳಿಗೆ. ದೊಡ್ಡವರ ಕಣ್ಣಿಗೆ ಮಣ್ಣೆರಚುವ ಕೈಗುಣ ತನಗೂ ಬಂದಿದೆ ಎಂದೇ ಅವಳ ಎಣಿಕೆ.

ಮೂವತ್ತೆರಡು ವರ್ಷ ಪೇಟೆಯ ಚಪ್ಪಲಿ ಕಾರ್ಖಾನೆಯಲ್ಲಿ ದುಡಿದು, ಗಂಡ ತೀರಿಕೊಂಡ ಮೇಲೆ ಅವಳು ಗುಡ್ಡಕ್ಕೆ ವಾಪಸ್ಸು ಬಂದಿದ್ದಳು. ಅಂಗಳದಾಚೆ, ಹಿಂದೆ ರೊಟ್ಟಿ ಸುಡುತ್ತಿದ್ದ ಒಲೆಮನೆಗೆ ಅಂಟಿಕೊಂಡು ಎರಡು ಕೋಣೆ. ಪಾಲ್ಮಿರಾ ಸತ್ತದ್ದು ಅಲ್ಲಿ. ತಾನೂ ಅಲ್ಲೇ ಸಾಯಬೇಕು ಎಂಬುದೊಂದೇ ಡೆರ್ನಾಳ ಆಸೆ. ಆದರೆ ಕಾಗದಪತ್ರ ಏನೂ ಇರಲಿಲ್ಲ, ಮತ್ತು ಒಟ್ಟಾವಿಯಾ ಆ ಕೋಣೆಗಳನ್ನು ವೈನ್ ರುಚಿ ನೋಡುವ ಜಾಗ ಮಾಡಲು ಎರಡು ಸಲ ಅಳತೆ ತೆಗೆಸಿದ್ದಳು.

"ಡೆರ್ನಾ, ನೀವು ನಮ್ಮನೆಯವರೇ ಅಲ್ವಾ?" ಎಂದಳು ಒಟ್ಟಾವಿಯಾ ಒಂದು ದಿನ, ಜೇನು ಸುರಿಯುವ ದನಿಯಲ್ಲಿ. "ಶುಕ್ರವಾರ ಅಮೆರಿಕದಿಂದ ಪತ್ರಿಕೆಯವಳೊಬ್ಳು ಬರ್ತಾಳೆ. ಶನಿವಾರ ಬೆಳಿಗ್ಗೆ ಮೊಟ್ಟೆ ಎತ್ತೋದು ನೋಡ್ಬೇಕಂತೆ. ಅದೊಂದು ಚೆನ್ನಾಗಿ ಆಗ್ಲಿ, ಸೋಮವಾರನೇ ನೋಟರಿ ಹತ್ರ ಹೋಗಿ, ನೀವು ಇರೋವರ್ಗೂ ಮನೆ ನಿಮ್ದು ಅಂತ ಬರೆಸ್ಕೊಡ್ತೀನಿ."

ಅಜ್ಜ 'ನೀನು' ಅನ್ನುತ್ತಿದ್ದ, ಮೊಮ್ಮಗಳು 'ನೀವು' ಅನ್ನುತ್ತಾಳೆ. ಮಿಲಾನಿನಲ್ಲಿ ಓದಿ ಬಂದದ್ದಕ್ಕೆ ಅಷ್ಟಾದರೂ ಬಂತು.

"ಆಗ್ಲಿ ಸಿನ್ಯೋರಾ," ಎಂದಳು ಡೆರ್ನಾ.

ಗುರುವಾರ ಕೋಳಿಗೂಡಿಗೆ ಬಂದವರಲ್ಲಿ ಒಬ್ಬಳು ಮುದುಕಿ ಇದ್ದಳು. ಬೂಟು ಹಾಕಿರಲಿಲ್ಲ, ಬುಟ್ಟಿ ಹಿಡಿದಿರಲಿಲ್ಲ. ಅವಳು ಕೋಳಿಯನ್ನು ರೆಕ್ಕೆ ಹಿಡಿದು ಸಲೀಸಾಗಿ ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಮೊಟ್ಟೆಯನ್ನು ಕೆನ್ನೆಗೆ ಒತ್ತಿಕೊಳ್ಳಲಿಲ್ಲ, ಮೂಗಿಗೆ ಹಿಡಿದಳು. ಉಳಿದವರು ಫೋಟೊ ತೆಗೆದುಕೊಂಡು ಹೋಗುವವರೆಗೆ ಸುಮ್ಮನಿದ್ದು ಆಮೇಲೆ ಬಾಯಿ ಬಿಟ್ಟಳು.

"ಯಾವಾಗಿಂದ ಡೆರ್ನಾ, ಬಿಳಿ ಕೋಳಿ ಕಂದು ಮೊಟ್ಟೆ ಇಡೋಕೆ ಶುರು ಮಾಡಿದ್ದು? ಅದೂ ಉಪ್ಪಿನಕಾಯಿ ವಾಸ್ನೆದು?"

ಡೆರ್ನಾ ಗಕ್ಕನೆ ತಿರುಗಿದಳು. ಹೆಸರು ಹಿಡಿದು ಕರೆದ ಆ ಮುಖವನ್ನು ದಿಟ್ಟಿಸಿದಳು. ಪಕ್ಕದ ಒಕ್ಕಲಿನ ಲೊರಿಯಾನಾ! ಹತ್ತು ವರ್ಷದವಳಿದ್ದಾಗ ಬೆಲ್ಜಿಯಂಗೆ ಹೋದವಳು. ಅಪ್ಪನಿಗೆ ಅಲ್ಲಿ ಕಲ್ಲಿದ್ದಲ ಗಣಿಯಲ್ಲಿ ಕೆಲಸ ಸಿಕ್ಕಿತ್ತು.

"ಲೇ, ನೀನಾ! ಸತ್ತೇ ಹೋದೆ ಅನ್ಕೊಂಡಿದ್ದೆ."

"ಸಾಯೋಕೆ ಪುರುಸೊತ್ತೆಲ್ಲಿ? ಹುಟ್ಟಿದಬ್ಬಕ್ಕೆ ಮಕ್ಳು ಕಳ್ಸಿದ್ದಾರೆ, ಹಳ್ಳಿ ಊಟ ಮಾಡ್ಕೊಂಡ್ ಬಾ ಅಂತ. ಯಾವ ಮನೆ ಅಂತ ಅವ್ರಿಗೇನು ಗೊತ್ತು? ಇಲ್ಲಿ ಬಂದು ಇಳಿದ ಮೇಲೆ ನಂಗೇ ಗೊತ್ತಾಗಿದ್ದು."

ಡೆರ್ನಾ ಅವಳನ್ನು ಮನೆಗೆ ಕರೆದುಕೊಂಡು ಹೋಗಿ ಕಾಫಿ ಇಟ್ಟಳು. ಲೊರಿಯಾನಾ ಚೀಲದಿಂದ ಒಂದು ಕಬ್ಬಿಣದ ಬಳೆ ತೆಗೆದು ಮೇಜಿನ ಮೇಲೆ ಟಣ್ಣೆಂದು ಇಟ್ಟಳು. ಹೋಟೆಲಿನ ಮೇಜುಗಳ ಮೇಲೆಲ್ಲ ಅಂಥ ಬಳೆಗಳಿದ್ದವು, ಒಂದೊಂದರಲ್ಲೂ ಇಸ್ತ್ರಿ ಮಾಡಿದ ನ್ಯಾಪ್ಕಿನ್ ತೂರಿಸಿರುತ್ತಿದ್ದರು. ಅಟ್ಟದಲ್ಲಿ ಸಿಕ್ಕ ಪಾರುಪತ್ಯಗಾರನ ಬಳೆಯನ್ನು ಒಟ್ಟಾವಿಯಾ ಗಾಜಿನ ಚೌಕಟ್ಟಿನಲ್ಲಿ ಹಾಕಿಸಿ, 'ನಮ್ಮ ಪೂರ್ವಿಕರು ನ್ಯಾಪ್ಕಿನ್ ಇಡುತ್ತಿದ್ದ ಬಳೆ' ಎಂದು ಚೀಟಿ ಅಂಟಿಸಿ, ಕಮ್ಮಾರನಿಂದ ಅದೇ ಅಳತೆಗೆ ಐವತ್ತು ಮಾಡಿಸಿದ್ದಳು.

"ನಿನ್ನೆ ರಾತ್ರಿ ಊಟಕ್ಕೆ ಕೂತೆ, ಇದು ಕೈಗೆ ಬಂತು," ಎಂದಳು ಲೊರಿಯಾನಾ. "ನಮ್ಮಮ್ಮಂಗೆ ನಿಮ್ಮಮ್ಮನ ಜಾಣತನ ಇರ್ಲಿಲ್ಲ. ಆ ವರ್ಷ ತಂದಿದ್ದೆಲ್ಲಾ ತೂರಿ ಬಿತ್ತು. ಎಲ್ರ ಮುಂದೆ ಮಂಡಿಯೂರಿ ಲಂಗದ ಅಂಚಲ್ಲಿ ಕಲ್ಲು ಒರೆಸಿದ್ಲು. ಆ ಬೇಸಿಗೇಲೇ ನಾವು ಊರು ಬಿಟ್ಟಿದ್ದು. ನಿನ್ನೆ ಊಟ ಬಿಟ್ಟು ಎದ್ದು ಬಂದೆ ಕಣೇ."

ಗೆಳತಿಯನ್ನು ನಗಿಸೋಣ ಎಂದು ಡೆರ್ನಾ ಮೊಟ್ಟೆಯ ಕಥೆಯನ್ನೆಲ್ಲ ಹೇಳಿದಳು. ವಿನೆಗರ್, ಶಾಲು, ಸರ್ಜನ್ನು, ಪ್ರಾಣಿಶಾಸ್ತ್ರದ ಪಂಡಿತ. ಹೇಳುತ್ತಾ ಹೇಳುತ್ತಾ ತಾನೇ ಬಿದ್ದು ಬಿದ್ದು ನಕ್ಕಳು. "ಥೇಟ್ ನಮ್ಮಮ್ಮನ ಥರ, ಅಲ್ವೇನೇ?"

ಲೊರಿಯಾನಾ ನಗಲಿಲ್ಲ. "ನಿಮ್ಮಮ್ಮ ಧಣಿಗೆ ಮೋಸ ಮಾಡಿ ಮಕ್ಳ ಹೊಟ್ಟೆ ತುಂಬಿಸಿದ್ಲು. ನೀನು ಧಣಿಗೋಸ್ಕರ ಮೋಸ ಮಾಡ್ತಿದ್ದೀಯ. ಎಲ್ಲಿಂದೆಲ್ಲಿಗೆ ಹೋಲಿಸ್ತೀಯೇ?"

"ನಂಗೆ ಮನೆ ಉಳಿಸ್ಕೋಬೇಕು. ನಿಂಗೇನು, ಉಂಡು ಹೊರಡೋಳು."

"ಮನೆ ಬೇಕು, ಸರಿ, ಒಪ್ಪಿದೆ. ಅದಕ್ಕೆ ನಗು ಯಾಕೆ?"

ಡೆರ್ನಾಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಎದ್ದು ಕಾಫಿ ಲೋಟಗಳನ್ನು ತೊಳೆಯಲು ಒಯ್ದಳು.

ಶನಿವಾರ ಆರಕ್ಕೆ ಸ್ಟೂಲ್ ಎಳೆದುಕೊಂಡು ಕೂತಳು. ಬಟ್ಟೆ ಅದ್ದಿದಳು, ಹಿಂಡಿದಳು, ಮತ್ತೆ ಅದ್ದಿದಳು. ಸೋಮವಾರದ ಕಾಗದ ಕಣ್ಣಮುಂದೆ ಬಂತು, ತಾಯಿ ಸತ್ತ ಮಂಚ ಬಂತು, ಕಲ್ಲು ಒರೆಸುತ್ತಿರುವ ಲೊರಿಯಾನಾಳ ತಾಯಿಯೂ ಬಂದಳು. ಕೊನೆಗೆ ವಿನೆಗರ್ ಬಟ್ಟಲನ್ನು ಮೋರಿಗೆ ಸುರಿದಳು. ಮೊಟ್ಟೆಗಳನ್ನು ತಣ್ಣಗಿದ್ದ ಹಾಗೆಯೇ ಒಯ್ದು, ಕೆಂಪು ಮುದ್ರೆ ಮೇಲಾಗಿ ಕಾಣುವಂತೆ ಬಿಳಿ ಕೋಳಿಗಳ ಕೆಳಗೆ ಇಟ್ಟಳು. ಹೋದರೆ ಮನೆ ಹೋಗಲಿ, ಈ ಒಡತಿಯ ಬಣ್ಣ ಬಯಲಾಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ಎಂಟಕ್ಕೆ ಒಟ್ಟಾವಿಯಾ ಪತ್ರಿಕೆಯವಳನ್ನು ಕರೆತಂದಳು. ಹಿಂದೆ ಲೊರಿಯಾನಾ ಕೂಡ ಬಂದು ಬೇಲಿಗೆ ಒರಗಿ ನಿಂತಳು. ಪತ್ರಿಕೆಯವಳು ಕೋಳಿ ಸರಿಸಿದಳು, ಮೊಟ್ಟೆ ಎತ್ತಿದಳು, ಅಂಕಿಗಳನ್ನು ಕಂಡಳು. ಒಟ್ಟಾವಿಯಾಳ ಮುಖ ಸುಣ್ಣದಂತಾಯಿತು. ಇನ್ನೇನು ಮುಗಿಯಿತು ಎಂದು ಡೆರ್ನಾ ಸೆಟೆದು ನಿಂತಳು.

ಪತ್ರಿಕೆಯವಳ ಊರಿನಲ್ಲಿ ಮೊಟ್ಟೆಗೆ ಮುದ್ರೆ ಒತ್ತುವ ಪದ್ಧತಿ ಇಲ್ಲ. ಅವಳು ಮೊಟ್ಟೆಯನ್ನು ಬಿಸಿಲಿಗೆ ಹಿಡಿದು ಚಿನ್ನದ ಗಟ್ಟಿ ಸಿಕ್ಕವಳಂತೆ ಏನೋ ಕೂಗಿದಳು. ಒಟ್ಟಾವಿಯಾ ಒಂದು ಉಸಿರು ನುಂಗಿ, ಮುಗುಳ್ನಕ್ಕು, ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಆ ಉತ್ತರ ಏನೆಂದು ಡೆರ್ನಾಳಿಗೆ ಆಮೇಲೆ, ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಅಡುಗೆಯವನಿಂದ ತಿಳಿಯಿತು: ನಮ್ಮಲ್ಲಿ ಪ್ರತಿ ಕೋಳಿಗೂ ಒಂದು ನಂಬರ್ ಇದೆ, ಯಾವ ಮೊಟ್ಟೆ ಯಾವ ಕೋಳಿಯದೆಂದು ಈ ಅಜ್ಜಿ ದಿನಾ ಬರೆದಿಡುತ್ತಾಳೆ, ಇದು ಮೂರನೇ ಗೂಡಿನದು.

ಪತ್ರಿಕೆಯವಳು ಓಡಿಬಂದು ಡೆರ್ನಾಳ ಎರಡೂ ಕೈ ಹಿಡಿದುಕೊಂಡಳು. ಡೆರ್ನಾ ಕೊಸರಿಕೊಂಡು ಚೀರಿದಳು.

"ಅಂಗಡಿ ಮೊಟ್ಟೆ ಕಣಮ್ಮಾ ಅದು! ಪಂಜರದ ಕೋಳೀದು! ಮೂರು ವರ್ಷದಿಂದ ನಾನೇ ತಂದಿಡ್ತಿದ್ದೀನಿ! ಬಿಳಿ ಕೋಳಿ ಕಂದು ಮೊಟ್ಟೆ ಇಡುತ್ತೇನೇ, ಕಣ್ಣಿಲ್ವಾ ನಿಂಗೆ?"

ಪತ್ರಿಕೆಯವಳು ಒಟ್ಟಾವಿಯಾಳತ್ತ ತಿರುಗಿದಳು. ಒಟ್ಟಾವಿಯಾ ಅದನ್ನೂ ಇಂಗ್ಲಿಷಿಗೆ ತಂದಳು: ಪ್ರತಿ ಕೋಳಿಯೂ ತನ್ನ ಮಗಳಿದ್ದಂತೆ ಎನ್ನುತ್ತಿದ್ದಾಳೆ. ಪತ್ರಿಕೆಯವಳು ಕಣ್ಣೊರೆಸಿಕೊಂಡು, ಕೈ ಚಾಚಿ ಬಾಯಿ ತೆರೆದಿದ್ದ ಡೆರ್ನಾಳ ಫೋಟೊ ಹೊಡೆದಳು.

ಬೇಲಿಯ ಬಳಿಯಿಂದ ಲೊರಿಯಾನಾ ಬಂದು ಡೆರ್ನಾಳ ತೋಳು ಹಿಡಿದಳು. "ಬಿಡೇ. ಹೇಳಿದ್ಯಲ್ಲ, ನಂಗಂತೂ ಕೇಳಿಸ್ತು."

ಭಾನುವಾರ ಲೊರಿಯಾನಾ ಹೊರಟು ಹೋದಳು. ಗೋಡೆಯ ಗಾಜಿನ ಚೌಕಟ್ಟಿನಲ್ಲಿದ್ದ ಹಳೆಯ ಬಳೆ ಅವಳ ಚೀಲ ಸೇರಿತ್ತು, ಅದರ ಜಾಗದಲ್ಲಿ ಮೇಜಿನ ಮೇಲಿನ ಹೊಸ ಬಳೆ ಕೂತಿತ್ತು. ಒಟ್ಟಾವಿಯಾಳಿಗೆ ಇವತ್ತಿಗೂ ಅದು ಗೊತ್ತಿಲ್ಲ.

ಸೋಮವಾರ ನೋಟರಿ ಕಾಗದ ಓದಿದ. ಡೆರ್ನಾ ಬದುಕಿರುವವರೆಗೆ ಎರಡು ಕೋಣೆಗಳ ವಾಸದ ಹಕ್ಕು ಅವಳದು. ಕೆಳಗೆ ಇನ್ನೊಂದು ಸಾಲಿತ್ತು: ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ಅತಿಥಿಗಳ ಸಮಕ್ಷಮದಲ್ಲಿ ಅವಳು ಕೋಳಿಗೂಡಿನಲ್ಲಿ ಹಾಜರಿರತಕ್ಕದ್ದು, ತಪ್ಪಿದರೆ ಹಕ್ಕು ರದ್ದು.

"ಮೊನ್ನೆ ಈ ಮಾತು ಇರ್ಲಿಲ್ಲ," ಎಂದಳು ಡೆರ್ನಾ.

"ಮೊನ್ನೆ ನಿಮ್ಮ ಫೋಟೊ ಇರ್ಲಿಲ್ಲ ಡೆರ್ನಾ. ಅದು ಮುಖಪುಟಕ್ಕೆ ಹೋಗುತ್ತಂತೆ! ಇನ್ಮೇಲೆ ಬರೋರೆಲ್ಲ ನಿಮ್ಮನ್ನೇ ಕೇಳ್ತಾರೆ. ನೀವೇ ಇಲ್ದಿದ್ರೆ ನಾನೇನು ತೋರಿಸ್ಲಿ?" ಒಟ್ಟಾವಿಯಾ ಅವಳ ಬೆನ್ನು ಸವರಿದಳು. "ಹಾಂ, ಇನ್ನು ಮುದ್ರೆ ಒರೆಸೋದೇನೂ ಬೇಡ. ಹಾಗೇ ಚೆನ್ನಾಗಿದೆ. ಬೆಚ್ಚಗೆ ಮಾತ್ರ ಮಾಡಿ."

ನೋಟರಿ ಪೆನ್ನು ಮುಂದೆ ಚಾಚಿದ. ಇದೇ ಮನೆತನದ ಲೆಕ್ಕದ ಪುಸ್ತಕದಲ್ಲಿ ಪಾಲ್ಮಿರಾ ವರ್ಷಾವರ್ಷ ಹೆಬ್ಬೆಟ್ಟು ಒತ್ತುತ್ತಿದ್ದಳು. ಡೆರ್ನಾ ಸಹಿ ಹಾಕಿದಳು.

ಮರುದಿನ ಬೆಳಿಗ್ಗೆ ಎಂಟಕ್ಕೆ, ಹೊಸ ಬೂಟಿನ ಹೆಂಗಸೊಬ್ಬಳು ಬಿಳಿ ಕೋಳಿಯನ್ನು ಎರಡು ಬೆರಳಲ್ಲಿ ಸರಿಸಿ, ಮುದ್ರೆಯಿದ್ದ ಕಂದು ಮೊಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು, "ಅಯ್ಯೋ, ಇನ್ನೂ ಬೆಚ್ಚಗಿದೆ!" ಎಂದಳು. ಡೆರ್ನಾ ಅಭ್ಯಾಸದಂತೆ ಒಳಗೊಳಗೇ ನಗಲು ನೋಡಿದಳು. ನಗು ಬರಲಿಲ್ಲ.