ಆಪಾ ಬೀದಿಗೆ ಹಂಚಿದ ತಾರಸಿ

ಬಾಗಲಕೋಟೆ ಕಡೆಯಿಂದ ಬೆಂಗಳೂರಿಗೆ ಬಂದ ನಾವು ಆರ್.ಟಿ. ನಗರದಲ್ಲಿ ಒಂದು ಹಳೆಯ ಮನೆಯ ಮೊದಲ ಮಹಡಿಯನ್ನು ಬಾಡಿಗೆಗೆ ಹಿಡಿದೆವು. ನನಗೆ ಹೆಬ್ಬಾಳದ ಹತ್ತಿರ ಕಾಲೇಜೊಂದರ ಆಫೀಸಿನಲ್ಲಿ ಕೆಲಸ, ನನ್ನ ಗಂಡನಿಗೆ ಯಶವಂತಪುರದ ಕಾರ್ಖಾನೆಯಲ್ಲಿ. ಕೆಳಗಿನ ಮನೆಯಲ್ಲಿ ಮಾಲೀಕ ದಂಪತಿ ಇದ್ದರು. ಉರ್ದು ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಹೆಂಡತಿಯನ್ನು ಬೀದಿಯೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತಿತ್ತು. ಆಟೊ ಬಿಡಿಭಾಗಗಳ ಅಂಗಡಿ ನಡೆಸಿದ್ದ ಅವರ ಗಂಡ ಎಲ್ಲರಿಗೂ ಸಾಹೇಬರು. ನಮ್ಮ ತಲೆಯ ಮೇಲಿದ್ದ ತಾರಸಿ ಪೂರ್ತಿ ಆಪಾ ಅವರದು. ಕುಂಡ, ಹಳೇ ಬಕೆಟ್ಟು, ಅರ್ಧಕ್ಕೆ ಕತ್ತರಿಸಿದ ಡ್ರಮ್ಮು, ಪೇಂಟಿನ ಡಬ್ಬ, ಎಲ್ಲದರಲ್ಲೂ ಏನಾದರೊಂದು ಬೆಳೆಯುತ್ತಿತ್ತು. ಬಟ್ಟೆ ಒಣಹಾಕುವ ತಂತಿಯ ಕೆಳಗೆ ನಡೆಯಲು ಸಣ್ಣದೊಂದು ದಾರಿ ಮಾತ್ರ ಉಳಿದಿತ್ತು.

ಬಂದ ವರ್ಷದ ಬೇಸಿಗೆಯಲ್ಲಿ ನಾನೂ ಆಸೆಪಟ್ಟು ನರ್ಸರಿಯಿಂದ ಒಂದು ಗುಲಾಬಿ ತಂದೆ. ಮೈತುಂಬ ಮೊಗ್ಗಿತ್ತು. ತಂದ ದಿನವೇ ದೊಡ್ಡ ಕುಂಡಕ್ಕೆ ಬದಲಿಸಿ ಕೈತುಂಬ ಗೊಬ್ಬರ ಸುರಿದೆ. ವಾರ ಕಳೆಯುವುದರೊಳಗೆ ಎಲೆಯೆಲ್ಲ ಸುಟ್ಟು ಕಡ್ಡಿ ಉಳಿಯಿತು. ಆಪಾ ಅದನ್ನು ನೋಡಿ ನಗಲಿಲ್ಲ. ಬೇಸಿಗೆಯಲ್ಲಿ ಬೇರನ್ನು ಕದಲಿಸಬಾರದು, ಆಗ ಗಿಡ ಜೀವ ಉಳಿಸಿಕೊಂಡರೆ ಅದೇ ದೊಡ್ಡದು, ನೆರಳು ಮತ್ತು ಬೆಳಗಿನ ನೀರು ಬಿಟ್ಟು ಬೇರೇನನ್ನೂ ಕೊಡಬಾರದು ಎಂದು ಹೇಳಿದರು. ಗುಲಾಬಿ ಬೇಕಿದ್ದರೆ ದಸರಾ ಕಳೆಯಲಿ ಎಂದರು.

ಅವರು ಕಾಲವನ್ನು ಯಾವಾಗಲೂ ಹೀಗೆ ನಮ್ಮ ಹಬ್ಬಗಳಿಂದಲೇ ಅಳೆಯುತ್ತಿದ್ದರು. ಯಾಕೆ ಎಂದು ಒಮ್ಮೆ ಕೇಳಿದೆ.

"ನಮ್ಮ ರಂಜಾನ್ ವರ್ಷಾವರ್ಷ ಹಿಂದಕ್ಕೆ ಸರೀತಾ ಹೋಗುತ್ತಲ್ಲಮ್ಮಾ," ಎಂದರು. "ಒಂದಷ್ಟು ವರ್ಷ ಬೇಸಿಗೇಲಿ ಬರುತ್ತೆ, ಆಮೇಲೆ ಚಳೀಲಿ ಬರುತ್ತೆ. ಅದನ್ನ ನೋಡ್ಕೊಂಡು ಬೀಜ ಹಾಕಕ್ಕಾಗಲ್ಲ. ಗಿಡಕ್ಕೆ ನಿಮ್ಮ ಹಬ್ಬಗಳೇ ಸರಿ."

ಹಾಗಾಗಿ ನನ್ನ ತೋಟದ ಪಾಠ ಹಬ್ಬದಿಂದ ಹಬ್ಬಕ್ಕೆ ನಡೆಯಿತು. ಮುಂಗಾರು ಹಿಡಿದ ಕೂಡಲೇ ಹೀರೆ, ಹಾಗಲದ ಬೀಜ ಊರಿ, ಸೇವಂತಿಗೆಯ ಕುಡಿ ಮುರಿದು ನೆಟ್ಟೆವು. ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಅವರೆ. ಬೇಗ ಹಾಕಿದರೆ ಬಳ್ಳಿ ಹಬ್ಬುತ್ತದೆಯೇ ಹೊರತು ಕಾಯಿ ಮಾತ್ರ ಚಳಿ ಬಂದಾಗಲೇ ಎಂದು ಆಪಾ ನನ್ನ ಆತುರವನ್ನು ತಡೆದರು. ಜಡಿಮಳೆಯಲ್ಲಿ ಗೊಬ್ಬರ ಹಾಕಲು ಬಿಡುತ್ತಿರಲಿಲ್ಲ, ಅದೆಲ್ಲ ಕೊಚ್ಚಿಕೊಂಡು ಹೋಗಿ ಮೋರಿ ಸೇರುತ್ತದೆ ಎನ್ನುತ್ತಿದ್ದರು. ದಸರಾ ಆದ ಮೇಲೆ ಗುಲಾಬಿ ಸವರಿ, ಮೆಂತ್ಯ, ಕೊತ್ತಂಬರಿ ಚೆಲ್ಲಿದೆವು. ನಮ್ಮ ಕಡೆ ಅಂಗಳದಲ್ಲಿ ತುಳಸಿ ಉಳಿಸಿಕೊಳ್ಳುವುದೇ ಸಾಹಸ. ಇಲ್ಲಿ ಡಿಸೆಂಬರಿನ ಮಂಜಿನಲ್ಲಿ ಸೊಪ್ಪು ಕೊಯ್ಯುವಾಗ ನನ್ನ ಕೈಯನ್ನು ನಾನೇ ನಂಬಲಿಲ್ಲ.

ಮೂರನೆಯ ವರ್ಷ ಗೌರಿ ಹಬ್ಬ ಕಳೆದ ಮೇಲೆ ಮಳೆ ಬಿಡದೆ ಹೊಡೆಯಿತು. ಒಂದು ಸಂಜೆ ಕೆಲಸದಿಂದ ಬಂದು ನೋಡಿದರೆ ನಮ್ಮ ಮಲಗುವ ಕೋಣೆಯ ಚಾವಣಿಯಲ್ಲಿ ಕಂದು ಬಣ್ಣದ ಕಲೆ. ಮರುದಿನ ಅದು ತೊಟ್ಟಿಕ್ಕತೊಡಗಿತು. ಮೇಲೆ ಸರಿಯಾಗಿ ಅದೇ ಜಾಗದಲ್ಲಿ ಆಪಾ ಅವರ ನಿಂಬೆಯ ಡ್ರಮ್ಮಿತ್ತು. ಗಂಡನಿಗೆ ಹೇಳಿದೆ. ಮಾಲೀಕರಿಗೆ ತಿಳಿಸೋಣ ಎಂದು ಅವರೂ ಅನ್ನಲಿಲ್ಲ. ತಿಳಿಸಿದರೆ ಗಿಡಗಳ ಗತಿ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಮಂಚವನ್ನು ಗೋಡೆಯ ಕಡೆ ಎಳೆದು, ಸೋರುವಲ್ಲಿ ಬಕೆಟ್ ಇಟ್ಟು ಸುಮ್ಮನಾದೆವು.

ಒಂದು ಭಾನುವಾರ ಆಪಾ ಬಿರಿಯಾನಿಯ ಡಬ್ಬಿ ಹಿಡಿದು ಮೇಲೆ ಬಂದರು. ಬಕೆಟ್ಟಿನಲ್ಲಿ ಹನಿ ಬೀಳುವ ಸದ್ದು ಅಡುಗೆಮನೆಯವರೆಗೂ ಕೇಳುತ್ತಿತ್ತು. ಅವರು ಡಬ್ಬಿ ಕೆಳಗಿಟ್ಟು ನೇರ ಕೋಣೆಗೆ ಹೋಗಿ, ಚಾವಣಿಯನ್ನೂ ಮಂಚವನ್ನೂ ನೋಡಿದರು.

"ಎಷ್ಟು ದಿನದಿಂದ ಹಿಂಗಿದೆ?"

"ಭಾಳ ದಿನ ಆಗಿಲ್ರಿ ಆಪಾ. ನಮಗೇನೂ ತ್ರಾಸಿಲ್ಲ," ಎಂದೆ.

"ನನ್ನ ಗಿಡದಿಂದ ನಿಮ್ಮ ಹಾಸಿಗೆ ಮೇಲೆ ನೀರು ಬೀಳ್ಬೇಕಾ? ಬೇಡಮ್ಮ, ಅದು ನಂಗೆ ಬೇಡ."

ಅಷ್ಟೇ ಹೇಳಿ ಕೆಳಗಿಳಿದರು. ಕುಂಡಗಳನ್ನು ಒಂದು ಪಕ್ಕಕ್ಕೆ ಸರಿಸಿ ರಿಪೇರಿ ಮಾಡಿಸಿದರೆ ಸಾಕೆಂದು ಸಾಹೇಬರು ಸಮಾಧಾನ ಹೇಳಿದರಂತೆ. ಆಪಾ ಒಪ್ಪಲಿಲ್ಲ. ನೀರು ಹರಿಯಲು ಜಾಗವನ್ನೇ ಬಿಡದೆ ತಾರಸಿ ತುಂಬಿಸಿದವಳು ನಾನು, ಖಾಲಿ ಮಾಡುವವಳೂ ನಾನೇ ಎಂದರಂತೆ.

ಮಳೆ ಬಿಡುವು ಕೊಟ್ಟ ಮರುದಿನದಿಂದಲೇ ಅವರು ಬೀದಿ ಸುತ್ತಿದರು. ಕೆಲಸ ಮುಗಿಸಿ ಬಂದು ನಾನೂ ಜೊತೆಗೆ ಹೋಗುತ್ತಿದ್ದೆ. ಗಿಡ ಬೇಕೇ ಎಂದು ಕೇಳುವ ಮೊದಲು ಆಪಾ ಆ ಮನೆಯಲ್ಲಿ ಬೆಳಗಿನ ಬಿಸಿಲು ಎಲ್ಲಿ ಬೀಳುತ್ತದೆ, ಸಂಜೆಯದು ಎಲ್ಲಿ ಎಂದು ನೋಡುತ್ತಿದ್ದರು. ಪೂರ್ವದ ಬಾಲ್ಕನಿಯಿದ್ದವರಿಗೆ ಗುಲಾಬಿ. ಎರಡು ಮನೆಗಳ ನಡುವೆ ಸಿಕ್ಕಿಕೊಂಡು ಬಿಸಿಲೇ ಕಾಣದ ಮನೆಗೆ ಪುದೀನ, ದೊಡ್ಡಪತ್ರೆ. ಗಂಡಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿ ನೀರು ಮರೆಯುವ ಮನೆಗೆ ಲೋಳೆಸರ. ಕಾಂಪೌಂಡಿನಲ್ಲಿ ಮಣ್ಣಿದ್ದವರಿಗೆ ನಿಂಬೆ ಮತ್ತು ಕರಿಬೇವು. ಪ್ರತಿ ಮನೆಗೂ ಒಂದೇ ಮಾತು ಹೇಳಿ ಬರುತ್ತಿದ್ದರು, ಆಗಿನ ಕಾಲಕ್ಕೆ ಬೇಕಾದ ಒಂದು ಮಾತು. ಉಳಿದದ್ದನ್ನೂ ಹೇಳಬಹುದಲ್ಲ ಎಂದು ನಾನು ಕೇಳಿದ್ದಕ್ಕೆ, ಒಟ್ಟಿಗೇ ಹೇಳಿದರೆ ಮಕ್ಕಳು ಏನನ್ನೂ ಕಲಿಯುವುದಿಲ್ಲ, ಚಳಿ ಬಂದಾಗ ಚಳಿಯ ಮಾತು ಹೇಳಿದರಾಯಿತು ಎಂದರು. ಆ ಬೀದಿಯ ದೊಡ್ಡವರೆಲ್ಲ ಅವರ ಪಾಲಿಗೆ ಮಕ್ಕಳೇ.

ಕೊನೆಯ ಕುಂಡ ಇಳಿದ ಸಂಜೆ ನಾನು ಮೇಲೆ ಹೋದೆ. ಖಾಲಿ ತಾರಸಿಯ ಮೇಲೆ ಕುಂಡ ಇದ್ದಲ್ಲೆಲ್ಲ ದುಂಡನೆಯ ಗುರುತುಗಳು. ಆಪಾ ಪೊರಕೆ ಹಿಡಿದು ಮಣ್ಣು ಗುಡಿಸುತ್ತಿದ್ದರು. ನನಗೆ ಅಳು ಬಂತು. ಅವರಿಗೆ ಬರಲಿಲ್ಲವೋ, ಬಂದದ್ದನ್ನು ತೋರಿಸಲಿಲ್ಲವೋ, ಗೊತ್ತಿಲ್ಲ.

ಆದರೆ ಅವರು ಮನೆಯಲ್ಲಿ ಕೂರಲಿಲ್ಲ. ಸಂಜೆಯ ನಮಾಜಿಗೆ ಇನ್ನೂ ಹೊತ್ತಿರುವಾಗ ಹೊರಟು ಮನೆಮನೆಗೆ ಹೋಗಿ ಗಿಡಗಳನ್ನು ನೋಡಿ ಬರುತ್ತಿದ್ದರು. ಮಂಜು ಬೀಳತೊಡಗಿದಾಗ ಎಲೆಯ ಮೇಲೆ ಬೂದಿಯಂಥ ರೋಗ ಕಂಡರೆ ನೀರುಮಜ್ಜಿಗೆ ಚಿಮುಕಿಸಿ ಎಂದರು. ಧನುರ್ಮಾಸದಲ್ಲಿ ಒಂದು ದಿನ ಕತ್ತರಿ ಹಿಡಿದು ಮೂಲೆ ಮನೆಗೆ ಹೋದರು. ಅಲ್ಲಿನ ಅಜ್ಜಿಗೆ ದುಂಡುಮಲ್ಲಿಗೆ ಕೊಟ್ಟಿದ್ದರು. ಆಪಾ ಅದನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಎಲೆಯನ್ನೂ ಉದುರಿಸಿ, ನೀರನ್ನು ಕಡಿಮೆ ಮಾಡಲು ಹೇಳಿದರು. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನೋಡಿದರು. ಹೂವಿನ ಗಿಡವನ್ನು ಹೀಗೆ ಬೋಳಿಸಿದರಲ್ಲ ಎಂದು ನನ್ನ ಹತ್ತಿರ ಎರಡು ಸಲ ಬೇಸರ ತೋಡಿಕೊಂಡರು. ಅಷ್ಟರಲ್ಲೇ ಶಿವರಾತ್ರಿ ಬಂತು, ಗೆಣ್ಣುಗಳಲ್ಲೆಲ್ಲ ಚಿಗುರೊಡೆಯಿತು. ಯುಗಾದಿಯ ಬೆಳಿಗ್ಗೆ ಅಜ್ಜಿ ಬಾಳೆಲೆಯಲ್ಲಿ ಮಲ್ಲಿಗೆ ಸುತ್ತಿಕೊಂಡು ಬಂದರು, ಒಂದು ಮಾಲೆ ನನಗೆ, ಇನ್ನೊಂದು ಆಪಾಗೆ. ಆಪಾ ಅದನ್ನು ಜಡೆಗೆ ಸಿಕ್ಕಿಸಿಕೊಂಡು ಮೇಲೆ ದುಪಟ್ಟಾ ಹೊದ್ದರು.

ಎಲ್ಲ ಮನೆಯಲ್ಲೂ ಹೀಗಾಗಲಿಲ್ಲ. ಎದುರು ಸಾಲಿನಲ್ಲಿ ಒಬ್ಬರಿಗೆ ಕೊಟ್ಟ ಗುಲಾಬಿ ಆಪಾ ಬಹಳ ಕಾಲದಿಂದ ಬೆಳೆಸಿದ್ದು, ಕಡುಗೆಂಪು ಬಣ್ಣದ್ದು. ಬೇಗ ಹೂ ಬಿಡಲಿ ಎಂದು ಆ ಮನೆಯವರು ನಡುಬೇಸಿಗೆಯಲ್ಲಿ ಅದಕ್ಕೆ ಯೂರಿಯಾ ಹಾಕಿಬಿಟ್ಟರು. ಗಿಡ ಸತ್ತಿತು. ಆ ಮನುಷ್ಯ ನಾಚಿಕೆಯಿಂದ ಆಪಾ ಕಣ್ಣಿಗೆ ಬೀಳದಂತೆ ಓಡಾಡುತ್ತಿದ್ದರು. ಒಂದು ದಿನ ಆಪಾ ತಾವೇ ಅವರ ಗೇಟಿನ ಮುಂದೆ ನಿಂತರು.

"ನಮ್ಮನೇಲೂ ಎಷ್ಟೋ ಸತ್ತಿದೆ ಕಣ್ರೀ," ಎಂದರು. "ಆ ಕುಂಡ ಎಸೀಬೇಡಿ. ಮಣ್ಣು ಬಿಸಿಲಿಗೆ ಒಣಗ್ಲಿ. ಮಳೆ ಬಂದ್ಮೇಲೆ ಬೇರೆ ಗಿಡ ತರ್ತೀನಿ."

ಆ ಬೇಸಿಗೆಯಲ್ಲಿ ಅವರು ತಮ್ಮ ಹಳೆಯ ದುಪಟ್ಟಾಗಳನ್ನೆಲ್ಲ ಹೊರತೆಗೆದು ಬಾಲ್ಕನಿಗಳಿಗೆ ನೆರಳಾಗಿ ಕಟ್ಟಿಸಿದರು. ಎಳನೀರಿನವನಿಂದ ತೆಂಗಿನ ನಾರು ತರಿಸಿ ಕುಂಡದ ಮಣ್ಣು ಮುಚ್ಚಿಸಿದರು. ಹೀಗೆ ಮುಚ್ಚಿದರೆ ಬೆಳಿಗ್ಗೆ ಹಾಕಿದ ನೀರು ಸಂಜೆಯವರೆಗೂ ಉಳಿಯುತ್ತದೆ ಎನ್ನುವುದನ್ನು ನಮ್ಮ ಬೀದಿ ಅವರಿಂದ ಕಲಿಯಿತು. ಕೆಲಸದಿಂದ ಬರುವಾಗ ಬಸ್‌ಸ್ಟಾಪಿನ ತಿರುವಿನಿಂದಲೇ ಹಸಿರು, ಗುಲಾಬಿ, ಹಳದಿ ಬಣ್ಣದ ದುಪಟ್ಟಾಗಳು ಗಾಳಿಗೆ ಆಡುವುದು ಕಾಣುತ್ತಿತ್ತು. ತಮ್ಮದನ್ನು ಕಳೆದುಕೊಂಡವರು ಹೀಗೆ ಇಡೀ ಬೀದಿಯನ್ನೇ ನೋಡಿಕೊಳ್ಳುತ್ತಾರೆಂದು ನಾನು ಎಣಿಸಿರಲಿಲ್ಲ. ಕಷ್ಟದಲ್ಲಿ ಜನ ಬಾಗಿಲು ಹಾಕಿಕೊಳ್ಳುವುದನ್ನೇ ನಾನು ಹೆಚ್ಚು ನೋಡಿದ್ದೆ.

ಒಣ ತಿಂಗಳುಗಳಲ್ಲೇ ತಾರಸಿಯ ಕೆಲಸವೂ ಮುಗಿಯಿತು. ನಿಂಬೆಯ ಬೇರು ಡ್ರಮ್ಮಿನ ತೂತಿನಿಂದ ಹೊರಬಂದು ಗಾರೆಯ ಬಿರುಕಿಗೆ ಇಳಿದಿತ್ತೆಂದು ಮೇಸ್ತ್ರಿ ತೋರಿಸಿದರು. ಬಿರುಕು ತುಂಬಿಸಿ, ಮೇಲೆ ನೀರು ಇಳಿಯದ ಬಿಳಿ ಲೇಪ ಬಳಿದರು. ಮೊದಲ ದೊಡ್ಡ ಮಳೆಯ ದಿನ ಸಾಹೇಬರು ನಮ್ಮ ಕೋಣೆಗೆ ಬಂದು, ಕತ್ತೆತ್ತಿ ಬಹಳ ಹೊತ್ತು ನಿಂತಿದ್ದರು. ಒಂದು ಹನಿಯೂ ಬೀಳಲಿಲ್ಲ.

ವಿಷಯ ತಿಳಿದು ಬೀದಿಯವರು ಗಿಡಗಳನ್ನು ವಾಪಸು ತಂದುಕೊಡಲು ಮುಂದೆ ಬಂದರು. ಕೆಲವರ ದನಿಯಲ್ಲಿ ಮನಸ್ಸಿಲ್ಲದ ಮನಸ್ಸಿತ್ತು. ಆಪಾ ಯಾವುದನ್ನೂ ತೆಗೆದುಕೊಳ್ಳಲಿಲ್ಲ. ಅವು ಅಲ್ಲಿ ಬೇರು ಬಿಟ್ಟಿವೆ, ಮತ್ತೆ ಅಲುಗಾಡಿಸುವುದು ಬೇಡ ಎಂದರು. ತಮಗಾಗಿ ಹಗುರವಾದ ಕೆಲವು ಚೀಲಗಳನ್ನು ತರಿಸಿ, ತೆಂಗಿನ ನಾರಿನ ಪುಡಿ ಬೆರೆಸಿದ ಮಣ್ಣು ತುಂಬಿಸಿ, ಕೆಳಗೆ ನೀರು ಹರಿಯುವಂತೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಗೋಡೆಯ ಅಂಚಿಗೆ ಮಾತ್ರ ಇಡಿಸಿದರು. ಮೊದಲಿನಿಂದ, ಬೀಜದಿಂದಲೇ ಶುರು ಮಾಡಿದರು.

ಈ ವರ್ಷ ಅವರ ಮೊಣಕಾಲು ನೋವು ಹೆಚ್ಚಾಗಿದೆ. ಮೆಟ್ಟಿಲು ಹತ್ತುವುದು ವಾರಕ್ಕೊಮ್ಮೆ ಆದರೆ ಹೆಚ್ಚು. ನಾನೇ ಬೆಳಿಗ್ಗೆ ನೀರು ಹಾಕಿ, ಕೆಲಸಕ್ಕೆ ಹೊರಡುವಾಗ ಕೆಳಗಿನ ಕಿಟಕಿಯ ಹತ್ತಿರ ನಿಂತು ಸುದ್ದಿ ಹೇಳುತ್ತೇನೆ. ಮೊನ್ನೆ ಟೊಮ್ಯಾಟೊ ಎಲೆ ಹಳದಿಯಾಗಿದೆ ಎಂದೆ.

"ಮೇಲಿನ ಎಲೇನಾ, ಕೆಳಗಿಂದಾ?" ಎಂದು ಕೇಳಿದರು.

ನಾನು ನೋಡಿರಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ಆಪಾ ಕಿಟಕಿಯೊಳಗಿಂದ ನನ್ನನ್ನೇ ನೋಡುತ್ತ ಕಾದರು. ನಾನು ಹೆಗಲ ಚೀಲವನ್ನು ಅವರ ಮೆಟ್ಟಿಲ ಮೇಲಿಟ್ಟು, ನೋಡಿಕೊಂಡು ಬರಲು ಮತ್ತೆ ಮೇಲೆ ಹತ್ತಿದೆ.