ಆರು ಪಂಪ್‌ಸೆಟ್ಟು, ಒಂದು ಕಂಪ್ಯೂಟರು

ಬೆಳಗಿನ ಐದೂವರೆ. ಹೊಸೂರಿನಿಂದ ಸೂಳಗಿರಿಗೆ ಹೋಗುವ ಹೆದ್ದಾರಿಯಿಂದ ಅರ್ಧ ಮೈಲಿ ಒಳಗೆ, ಹುರುಳಿಕಾಯಿ ಹೊಲದ ಬದುವಿನ ಮೇಲೆ ಮುತ್ತರಾಯಪ್ಪ ಟಾರ್ಚು ಹಿಡಿದು ನಡೆಯುತ್ತಿದ್ದಾರೆ. ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿದ್ದಾರೆ, ಚಪ್ಪಲಿ ಕೈಯಲ್ಲಿದೆ. ಬಾವಿಯ ಪಕ್ಕದ ಪಂಪ್ ಶೆಡ್ಡಿಗೆ ತಲೆ ಬಗ್ಗಿಸಿ ಹೊಕ್ಕು ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಬೆಳಕು ಬಿಡುತ್ತಾರೆ. ಹಸಿರು ಗುಂಡಿ ಒತ್ತಿಕೊಂಡೇ ಇರಲಿ ಅಂತ ಯಾರೋ ಅದರ ಸಂದಿಗೆ ಬಿದಿರಿನ ಚಕ್ಕೆ ಸಿಗಿಸಿದ್ದಾರೆ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ಹೊರಗೆ ಎಸೆಯುತ್ತಾರೆ.

"ಬಚ್ಚಪ್ಪಂದು ಇದು. ಎಷ್ಟ್ ಕಿತ್ರೂ ಮತ್ತೆ ಸಿಗಿಸ್ತಾನೆ. ಕರೆಂಟು ಬಂದ ತಕ್ಷಣ ಮೋಟ್ರು ತಾನೇ ಓಡ್ಲಿ, ತಾನು ಮಲ್ಗಿರಾನ ಅಂತ."

ಇದೇನು ಕೆಲಸ ಎಂದು ಪತ್ರಿಕೆಯಿಂದ ಹೋದ ನಾವು ಕೇಳಿದರೆ "ಕಂಪ್ಯೂಟ್ರು ಕೆಲ್ಸ" ಎನ್ನುತ್ತಾರೆ. ತಮಾಷೆಗೆ ಹೇಳಿದ ಮಾತಲ್ಲ. ಇವತ್ತು ಮಧ್ಯಾಹ್ನದೊಳಗೆ ಇಲ್ಲಿನ ಒಂದು ಬಿಡಿಭಾಗದ ಕಾರ್ಖಾನೆಯ ಕಂಪ್ಯೂಟರಿಗೆ ಯುನಿಕ್ಸ್ ಹಾಕಬೇಕು. ಯುನಿಕ್ಸ್ ಎಂದರೆ ಯಂತ್ರವನ್ನು ನಡೆಸುವ ಮೂಲ ವ್ಯವಸ್ಥೆ. ಅದಿದ್ದರೆ ನಾಲ್ಕು ಜನ ನಾಲ್ಕು ಪರದೆಯ ಮುಂದೆ ಕೂತು ಒಂದೇ ಯಂತ್ರದಲ್ಲಿ ಕೆಲಸ ಮಾಡಬಹುದು. ಹಾಕಲು ಬೆಂಗಳೂರಿನಿಂದ ಇಂಜಿನಿಯರು ಬರುತ್ತಾರೆ. ಹಾಕುವುದಕ್ಕೆ ಯಂತ್ರವನ್ನು ಅಣಿಮಾಡಿ ಕೊಡುವುದು ಮುತ್ತರಾಯಪ್ಪನವರ ಪಾಲು. ಎರಡು ಸಲ ಆ ಕೆಲಸ ಕೆಟ್ಟಿದೆ. ಇದು ಮೂರನೆಯದು. ಇವತ್ತೂ ಕೆಟ್ಟರೆ ನಾಳೆಯ ಲಾರಿಯಲ್ಲಿ ಯಂತ್ರ ಮದರಾಸಿಗೆ ವಾಪಸು ಎಂದು ಮ್ಯಾನೇಜರು ಹೇಳಿಯಾಗಿದೆ. ಯಂತ್ರಕ್ಕೆಂದೇ ಹಂಗಾಮಿಯಾಗಿ ಸೇರಿಸಿಕೊಂಡ ಮುತ್ತರಾಯಪ್ಪನೂ ಅದರ ಹಿಂದೆಯೇ ಮನೆಗೆ.

ಕೆಲಸ ಹೋಗುವುದರ ಬಗ್ಗೆ ಅವರು ಹೆಚ್ಚು ಮಾತಾಡುವುದಿಲ್ಲ. ಅವರ ಸಂಕಟ ಬೇರೆ. "ಮಿಸಿನ್ನು ಚೆನ್ನಾಗೈತೆ. ಚೆನ್ನಾಗಿರೋದನ್ನ ಕೆಟ್ಟೋಗೈತೆ ಅಂತ ಬರ್ದು ಕಳಿಸ್ಬುಟ್ರೆ ಪಾಪ ಅಲ್ವಾ?"

ನಲವತ್ತಾರು ವರ್ಷದ ಮುತ್ತರಾಯಪ್ಪ ಹುಟ್ಟಿದ್ದು ಗುಮ್ಮಳಾಪುರದಲ್ಲಿ. ಓದಿದ್ದು ತಮಿಳು ಶಾಲೆಯಲ್ಲಿ, ಎಂಟನೇ ಕ್ಲಾಸಿನವರೆಗೆ. ಆಮೇಲೆ ಡೆಂಕಣಿಕೋಟೆಯ ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟಿನ ತಾಮ್ರದ ತಂತಿ ಬಿಚ್ಚಿ, ಸುತ್ತು ಎಣಿಸಿ, ಹೊಸ ತಂತಿ ಸುತ್ತುವ ಕೆಲಸ; ಇಪ್ಪತ್ತೆರಡು ವರ್ಷ ಮಾಡಿದರು. ಆನೆ ತುಳಿದು ಚಪ್ಪಟೆ ಮಾಡಿದ ಮೋಟರೊಂದನ್ನು ಎಬ್ಬಿಸಿ ಓಡಿಸಿದ ಕಥೆಯನ್ನು ಆ ಕಡೆಯವರು ಈಗಲೂ ಹೇಳುತ್ತಾರೆ. ಅವರನ್ನೇ ಕೇಳಿದರೆ, ಆನೆ ಶೆಡ್ಡನ್ನಷ್ಟೇ ತುಳಿದದ್ದು, ಮೋಟರಿನ ಮೇಲೆ ಬಿದ್ದದ್ದು ಹೆಂಚು ಎನ್ನುತ್ತಾರೆ.

ಮೂರು ವರ್ಷದ ಹಿಂದೆ, ಎಂಬತ್ತೈದರಲ್ಲಿ, ಕೃಷ್ಣಗಿರಿಯ ಒಂದು ಕಚೇರಿಗೆ ಕಂಪ್ಯೂಟರು ಬಂತು. ಅದಕ್ಕೆ ಒಳ್ಳೆಯ ಅರ್ಥಿಂಗ್, ಅಂದರೆ ಸೋರುವ ಕರೆಂಟು ನೆಲಕ್ಕಿಳಿಯುವ ದಾರಿ, ಬೇಕಿತ್ತು. ನೆಲ ಕಲ್ಲು, ಎಷ್ಟು ತೋಡಿದರೂ ಮೀಟರಿನ ಮುಳ್ಳು ಇಳಿಯಲೊಲ್ಲದು. ಇವರನ್ನು ಕರೆಸಿದರು. ಇವರು ಕಟ್ಟಡದ ಮುಂದೆ ತೋಡುವುದು ಬಿಟ್ಟು ಹಿಂದಿನ ಬಚ್ಚಲು ನೀರು ಹರಿಯುವಲ್ಲಿ ಎಂಟು ಅಡಿ ಗುಂಡಿ ತೋಡಿ, ಇದ್ದಿಲು, ಉಪ್ಪು ತುಂಬಿ, ತಾಮ್ರದ ತಗಡು ಇಳಿಸಿದರು. ಮುಳ್ಳು ಇಳಿಯಿತು. ಅಂದು ಕಂಪ್ಯೂಟರು ಹಾಕಲು ಬಂದಿದ್ದ ಇಂಜಿನಿಯರು ಚೆನ್ನಕೇಶವ ಇವರನ್ನು ಬಿಡಲಿಲ್ಲ. ಈ ಮೂರು ವರ್ಷದಲ್ಲಿ ಮುತ್ತರಾಯಪ್ಪ ಅಣಿಮಾಡಿದ ಯಂತ್ರಗಳು ಏಳು. ಇದು ಎಂಟನೆಯದು.

ಅಣಿಮಾಡುವುದು ಎಂದರೆ ಏನೇನು? ಅರ್ಥಿಂಗ್ ಗುಂಡಿಗೆ ದಿನಾ ಎರಡು ಕೊಡ ನೀರು. ನೆಲ ಒರೆಸಲು ಹಿಂಡಿದ ಬಟ್ಟೆ. ಪೊರಕೆ ಮುಟ್ಟುವಂತಿಲ್ಲ, ದೂಳು ಏಳುತ್ತದೆ. ಯಂತ್ರದಲ್ಲಿ ಮೊದಲೇ ಇರುವುದನ್ನೆಲ್ಲ ಫ್ಲಾಪಿಗಳಿಗೆ ಇಳಿಸಿಕೊಳ್ಳಬೇಕು, ಏಕೆಂದರೆ ಆಮೇಲೆ ಡಿಸ್ಕು ಪೂರ್ತಿ ಅಳಿಸಿಹೋಗುತ್ತದೆ. ಈ ಸಲ ಅರವತ್ತೆರಡು ಫ್ಲಾಪಿ. ಇಳಿಸಿದ್ದನ್ನು ನಂಬುವ ಜನ ಇವರಲ್ಲ. ಪ್ರತಿಯೊಂದನ್ನೂ ಮತ್ತೆ ತೂರಿಸಿ, ಓದುತ್ತದೆಯೇ ನೋಡಿ, ಓದಿದರೆ ಮಾತ್ರ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಗೀಟು. ಅರವತ್ತೆರಡರಲ್ಲಿ ಮೂರು ಓದಲಿಲ್ಲ. ಆ ಮೂರನ್ನು ಮತ್ತೆ ಇಳಿಸಿದರು.

ಕಡೆಯದು, ಕಷ್ಟದ್ದು, ಡಿಸ್ಕಿನ ತಪಾಸಣೆ. ಡಿಸ್ಕು ಎಂದರೆ ಮುಚ್ಚಿದ ಡಬ್ಬಿಯೊಳಗೆ ಗಿರಗಿರನೆ ತಿರುಗುವ ಲೋಹದ ತಟ್ಟೆಗಳು. ಎಷ್ಟು ಹೊಸದಾದರೂ ಅದರಲ್ಲಿ ಅಲ್ಲಲ್ಲಿ ಬರಹ ನಿಲ್ಲದ ಜಾಗಗಳಿರುತ್ತವೆ. ಅಂಥ ಒಂದೊಂದನ್ನೂ ಹುಡುಕಿ ನಂಬರು ಪಟ್ಟಿ ಮಾಡಿ ಕೊಟ್ಟರೆ ಯುನಿಕ್ಸ್ ಆ ಜಾಗಗಳನ್ನು ಬಿಟ್ಟು ಕೂರುತ್ತದೆ. ಕೊಡದಿದ್ದರೆ ಒಂದು ದಿನ ಅದರ ಮೇಲೆಯೇ ಏನನ್ನೋ ಬರೆದು ಕಳೆದುಕೊಳ್ಳುತ್ತದೆ. ಹುಡುಕಲು ನಾಲ್ಕು ಗಂಟೆ ಬೇಕು. ಆ ನಾಲ್ಕು ಗಂಟೆ ಕರೆಂಟು ಒಂದು ಗುಟುಕೂ ಕುಸಿಯಬಾರದು.

ಇಲ್ಲಿಂದ ಹೊಲದ ಕಥೆ ಶುರು. ಕಂಪ್ಯೂಟರು ಇಟ್ಟಿರುವುದು ಕಾರ್ಖಾನೆಯ ಬೇಲಿಯಂಚಿನ ಹಳೆಯ ಬೀಜದ ಗೋದಾಮಿನಲ್ಲಿ. ಕಾರ್ಖಾನೆಯ ದೊಡ್ಡ ಲೈನು ಇನ್ನೂ ಅಲ್ಲಿಗೆ ಬಂದಿಲ್ಲ. ಅದು ಇರುವುದು ಊರಿನ ಟ್ರಾನ್ಸ್‌ಫಾರ್ಮರ್ ಮೇಲೆ, ಆರು ಪಂಪ್‌ಸೆಟ್ಟುಗಳ ಜೊತೆಯಲ್ಲಿ. ಮೋಟರು ಓಡಿಸುವ ಮೂರು ಫೇಸಿನ ಕರೆಂಟಿನ ಪಾಳಿ ಈ ವಾರ ಬೆಳಿಗ್ಗೆ ಆರರಿಂದ ಹನ್ನೆರಡು. ಮಿಕ್ಕ ಹೊತ್ತಿನ ಕರೆಂಟಿನಲ್ಲಿ ಬಲ್ಬು ಉರಿಯುತ್ತದೆ, ಎ.ಸಿ. ಓಡುವುದಿಲ್ಲ; ಎ.ಸಿ. ಇಲ್ಲದೆ ಡಿಸ್ಕನ್ನು ಅಷ್ಟು ಹೊತ್ತು ಓಡಿಸುವಂತಿಲ್ಲ. ಕರೆಂಟು ಹೋದರೂ ಹತ್ತು ನಿಮಿಷ ಯಂತ್ರವನ್ನು ಕಾಯುವ ಬ್ಯಾಟರಿ ಪೆಟ್ಟಿಗೆ ಮದರಾಸಿನಿಂದ ಬರಬೇಕು, ಬಂದಿಲ್ಲ. ಅಂದರೆ ರೈತರಿಗೆ ಬೇಕಾದ ಆರು ಗಂಟೆಯೇ ಯಂತ್ರಕ್ಕೂ ಬೇಕು.

ಮೊದಲ ಸಲ ಅರ್ಧದಲ್ಲಿ ಯಂತ್ರ ನಿಂತುಹೋಯಿತು. ಎರಡನೆಯ ಸಲ ತಪಾಸಣೆಯೇನೋ ಮುಗಿಯಿತು, ಆದರೆ ಕೆಟ್ಟ ಜಾಗ ಇನ್ನೂರ ಹದಿಮೂರು ಬಂತು. ತಯಾರಕರು ಡಿಸ್ಕಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಇದ್ದದ್ದು ಎಂಟು. ಈ ಯಂತ್ರಕ್ಕೂ ಇಂಜಿನಿಯರಾಗಿ ಬಂದಿದ್ದ ಚೆನ್ನಕೇಶವ ಡಿಸ್ಕೇ ಹಾಳು ಎಂದರು. ಮುತ್ತರಾಯಪ್ಪ ಒಪ್ಪಲಿಲ್ಲ. ಮಗಳ ಹಳೆಯ ಲೆಕ್ಕದ ನೋಟುಬುಕ್ಕಿನಲ್ಲಿ ಅವರು ನಂಬರಿನ ಪಕ್ಕ ಗಡಿಯಾರದ ಹೊತ್ತನ್ನೂ ಬರೆದುಕೊಂಡಿದ್ದರು. ಕೆಟ್ಟ ಜಾಗಗಳು ಒಂದೊಂದಾಗಿ ಬಂದಿರಲಿಲ್ಲ, ಹಿಂಡು ಹಿಂಡಾಗಿ ಬಂದಿದ್ದವು: ಒಂಬತ್ತು ಹತ್ತಕ್ಕೆ ಒಂದು ಹಿಂಡು, ಒಂಬತ್ತು ಮುಕ್ಕಾಲಿಗೆ ಒಂದು. ಆ ಹೊತ್ತಿನಲ್ಲಿ ಕಿಟಕಿಯಾಚೆ ಏನು ಕೇಳಿಸಿತ್ತು ಎಂದು ನೆನೆಸಿಕೊಂಡರು.

"ಬಾವಿ ಬತ್ತುತ್ತೆ, ಮೋಟ್ರು ಆರಿಸ್ತಾರೆ. ಒಂದು ಗಂಟೆ ಬುಟ್ರೆ ನೀರು ಊರುತ್ತೆ, ಮತ್ತೆ ಹಾಕ್ತಾರೆ. ಓಡೋ ಮೋಟ್ರು ಏನೂ ಮಾಡಲ್ಲ, ಎದ್ದೇಳೋವಾಗ್ಲೇ ಅದು ಎಳ್ಯೋದು. ಆಗ ನಮ್ ಮಿಸಿನ್‌ಗೆ ತಲೆ ಸುತ್ತುತ್ತೆ. ತಲೆ ಸುತ್ತಿದೋರು ಕಲ್ಲಿಲ್ದಿದ್ರೂ ಎಡವ್ತಾರೆ."

ಇಂಜಿನಿಯರು ಕಾಣದ್ದನ್ನು ಮೋಟರ್ ಸುತ್ತಿದವರು ಕಂಡರು. ಕಂಡಮೇಲೆ ಮಾಡಿದ್ದೂ ಅವರೇ. ಎಂಟು ದಿನ ಆರು ಮನೆಗೂ ನಡೆದರು. ಬಚ್ಚಪ್ಪನಿಗೆ ತೆಲುಗಿನಲ್ಲಿ, ಲೈನ್‌ಮ್ಯಾನಿಗೆ ತಮಿಳಿನಲ್ಲಿ, ಸಾಕಮ್ಮನಿಗೆ ಕನ್ನಡದಲ್ಲಿ ಹೇಳಿದ್ದು ಒಂದೇ ಮಾತು: ತಪಾಸಣೆಯ ದಿನ ಆರೂವರೆಯೊಳಗೆ ಮೋಟರ್ ಹಾಕಿಬಿಡಿ, ಬಾವಿ ಬತ್ತಿದಾಗ ಆರಿಸಿ, ಆರಿಸಿದ ಮೇಲೆ ಹನ್ನೆರಡರವರೆಗೆ ಮತ್ತೆ ಹಾಕಬೇಡಿ. ಕೇಳಲು ಸುಲಭ. ಎರಡನೆಯ ನೀರು ಬಿಟ್ಟುಕೊಡುವುದು ಎಂದರೆ ಏನೆಂದು, ಮಕ್ಕಳನ್ನು ಶಾಲೆಗೆ ಹೊರಡಿಸುವ ಮನೆಯಲ್ಲಿ ಬೆಳಗಿನ ಎರಡು ಗಂಟೆಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ನೋಡಿದವರಿಗೆ ಗೊತ್ತಾದೀತು.

ಐವರು ಒಪ್ಪಿದರು. ಅವರ ಮೋಟರುಗಳನ್ನೆಲ್ಲ ಒಂದಲ್ಲ ಒಂದು ಸಲ ಸುತ್ತಿಕೊಟ್ಟವರು ಇವರೇ ತಾನೆ. ಸಾಕಮ್ಮ ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅರವತ್ತು ದಾಟಿದ ಹೆಂಗಸು. ನಿನ್ನೆ ಸಂಜೆಯಷ್ಟೇ ಹನ್ನೆರಡು ಮಡಿ ಎಲೆಕೋಸಿನ ಸಸಿ ನೆಟ್ಟಿದ್ದಾರೆ. ಆ ಬಾವಿ ಒಂದು ಸಲಕ್ಕೆ ಏಳು ಮಡಿಗೆ ನೀರು ಕೊಟ್ಟೀತು. ಮಿಕ್ಕ ಐದು ಮಡಿ ಫೆಬ್ರವರಿಯ ಬಿಸಿಲಿಗೆ ಬಿದ್ದರೆ ಸಂಜೆಗೆ ಸೊಪ್ಪು.

ಆರಕ್ಕೆ ಕರೆಂಟು ಬರುತ್ತದೆ. ಒಂದಾದ ಮೇಲೊಂದು ಆರೂ ಮೋಟರು ಏಳುತ್ತವೆ. ಮುತ್ತರಾಯಪ್ಪ ಗೋದಾಮಿನ ಮೆಟ್ಟಿಲ ಮೇಲೆ ನಿಂತು ಬೆರಳು ಮಡಿಸಿ ಎಣಿಸುತ್ತಾರೆ. ಶಬ್ದದಲ್ಲೇ ಯಾವುದು ಯಾರದು ಎಂದು ಗೊತ್ತು. ಆರನೆಯ ಬೆರಳಿಗೆ ಕಾಲು ತೊಳೆದು, ಒಗೆದ ಅಂಗಿ ಹಾಕಿಕೊಂಡು ಒಳಗೆ ಹೋಗುತ್ತಾರೆ. ಆರು ಮುಕ್ಕಾಲಿಗೆ ತಪಾಸಣೆ ಶುರು. ಪರದೆಯ ಮೇಲೆ ಹಸಿರು ಅಂಕಿ ಒಂದೊಂದೇ ಏರುತ್ತದೆ. ಮುತ್ತರಾಯಪ್ಪ ಪರದೆ ನೋಡುವುದು ಕಡಿಮೆ, ಕಿಟಕಿಗೆ ಕಿವಿ ಕೊಡುವುದೇ ಹೆಚ್ಚು.

ಎಂಟೂವರೆಗೆ ಸಾಕಮ್ಮನ ಮೋಟರು ನಿಲ್ಲುತ್ತದೆ. ಒಂಬತ್ತೂವರೆಯೊಳಗೆ ಐದು ನಿಂತಿವೆ. ಕೆಟ್ಟ ಜಾಗ ಇಲ್ಲಿಯವರೆಗೆ ಆರು. ಬೆಂಗಳೂರಿನ ಬಸ್ಸಿಳಿದು ಬಂದ ಚೆನ್ನಕೇಶವ ಯುನಿಕ್ಸಿನ ಇಪ್ಪತ್ತೊಂದು ಫ್ಲಾಪಿಗಳ ಪೆಟ್ಟಿಗೆಯನ್ನು ಮೇಜಿನ ಮೇಲಿಡುತ್ತಾರೆ.

ಹತ್ತು ಗಂಟೆ. ವಾಚ್‌ಮನ್ ಬಂದು, ಹೊಲದ ಅಮ್ಮ ಒಬ್ಬರು ಗೇಟಿನಲ್ಲಿ ನಿಂತು ಮುತ್ತರಾಯಪ್ಪನನ್ನು ಕರೆಯುತ್ತಿದ್ದಾರೆ ಎನ್ನುತ್ತಾನೆ. ಮುತ್ತರಾಯಪ್ಪನ ಮುಖ ಇಳಿಯುತ್ತದೆ. ಅಷ್ಟು ಹೊತ್ತಿಗೆ ಬಾವಿಯಲ್ಲಿ ನೀರು ಊರಿರುತ್ತದೆ. ಮೋಟರ್ ಹಾಕುತ್ತೇನೆ ಎಂದರೆ ಬೇಡ ಎನ್ನುವ ಬಾಯಿ ತನಗಿಲ್ಲ ಎಂದು ಆಮೇಲೆ ಹೇಳಿದರು. ಗೇಟಿಗೆ ಹೋದರೆ ಸಾಕಮ್ಮ ಮಡಿಲು ಬಿಚ್ಚಿ ತೋರಿಸುತ್ತಾರೆ. ಮೂರು ಪಿಂಗಾಣಿ ಫ್ಯೂಸುಗಳು.

"ನಮ್ ಮಗ ವೆಂಕಟೇಸ ರಾತ್ರಿ ಶಿಪ್ಟು ಮುಗಿಸ್ಕಂಡು ಈಗ ಬತ್ತಾನೆ. ಸಸಿ ತಲೆ ಬಗ್ಸಿರೋದ್ ಕಂಡ್ರೆ ಕೇಳ್ದೆ ಕೇಳ್ಸ್ದೆ ಮೋಟ್ರು ಒತ್ಬುಡ್ತಾನೆ. ಅದ್ಕೇ ಕಿತ್ಕಂಡು ಬಂದೆ. ಇಲ್ಲೇ ಕುಂತಿರ್ತೀನಿ ಕಣ್ಲಾ, ನಿನ್ ಮಿಸಿನ್ನು ಎದ್ದೇಳೋ ಗಂಟ."

ಗೇಟಿನ ಪಕ್ಕದ ನೆರಳಿನಲ್ಲಿ ಕೂತೂ ಆಕೆ ಸುಮ್ಮನಿರಲಿಲ್ಲ. ಅನ್ನ ತಿನ್ನಲ್ಲ, ನೀರು ಕುಡಿಯಲ್ಲ, ಆದರೂ ಊರಿನ ಬಾವಿಗಳನ್ನೆಲ್ಲ ಬಾಯಿ ಮುಚ್ಚಿಸಿದೆಯಲ್ಲ, ಇದೆಂಥ ನೆಂಟನನ್ನು ಕರೆತಂದೆಯೋ ಎಂದು ಒಳಗೆ ಹೋಗುತ್ತಿದ್ದವರ ಬೆನ್ನಿಗೆ ಕೂಗಿ ಹೇಳಿದರು. ವಾಚ್‌ಮನ್ ನಕ್ಕ. ಮುತ್ತರಾಯಪ್ಪ ನಗಲಿಲ್ಲ, ಬೇಗ ಬೇಗ ನಡೆದರು.

ಹತ್ತು ಐವತ್ತಕ್ಕೆ ಅಂಕಿ ನಿಲ್ಲುತ್ತದೆ. ಕೆಟ್ಟ ಜಾಗ ಹನ್ನೊಂದು. ಚೀಟಿಯಲ್ಲಿದ್ದ ಎಂಟಕ್ಕೆ ಎಂಟೂ ಇವೆ, ಹೊಸವು ಮೂರು. ಚೆನ್ನಕೇಶವ ಚೀಟಿಯನ್ನೂ ಪರದೆಯನ್ನೂ ಎರಡು ಸಲ ಹೋಲಿಸಿ ನೋಡಿ, ಡಿಸ್ಕು ಹಾಳು ಎಂದು ತಾವು ಬರೆದಿದ್ದ ಕಾಗದವನ್ನು ಕೈಚೀಲದಿಂದ ತೆಗೆದು ನಾಲ್ಕಾಗಿ ಹರಿಯುತ್ತಾರೆ. ಮುತ್ತರಾಯಪ್ಪ ಹನ್ನೊಂದು ನಂಬರನ್ನೂ ನೋಟುಬುಕ್ಕಿನಿಂದ ಒಂದೇ ಬೆರಳಲ್ಲಿ ಒತ್ತುತ್ತಾರೆ. ಒತ್ತಿದ ಪ್ರತಿ ನಂಬರನ್ನೂ ತಮಿಳಿನಲ್ಲಿ ಗಟ್ಟಿಯಾಗಿ ಓದುತ್ತಾರೆ. ಎಣಿಕೆ ಕಲಿತದ್ದು ಆ ಭಾಷೆಯಲ್ಲಿ. ಆಮೇಲೆ ಕುರ್ಚಿ ಬಿಟ್ಟುಕೊಟ್ಟು ಹೊರಟುಹೋಗುತ್ತಾರೆ. ಫ್ಲಾಪಿ ಹಾಕುವುದನ್ನು ನೋಡಲು ನಿಲ್ಲುವುದಿಲ್ಲ.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ನಾಲ್ಕು ಪರದೆಗಳಲ್ಲೂ ಯುನಿಕ್ಸ್ ಬಂದು, ಒಳಗೆ ಬರುವವರ ಹೆಸರು ಏನೆಂದು ಕೇಳುತ್ತದೆ. ಮ್ಯಾನೇಜರು ಕೈ ಕುಲುಕುತ್ತಾರೆ, ಟೀ ತರಿಸುತ್ತಾರೆ. ಚೆನ್ನಕೇಶವ ಕಂಪನಿಯ ಫಾರಂ ತುಂಬಿ, ಮುತ್ತರಾಯಪ್ಪನವರ ರುಜು ಬೇಕಲ್ಲ, ಎಲ್ಲಿ ಎಂದು ಹುಡುಕುತ್ತಾರೆ. ಫಾರಂ ಹಿಡಿದು ಹೋದರೆ ಸಿಕ್ಕಿದ್ದು ಎಲೆಕೋಸಿನ ಮಡಿಯಲ್ಲಿ. ಎಣ್ಣೆಯ ಎರಡು ಖಾಲಿ ಡಬ್ಬಗಳಿಗೆ ಹಗ್ಗ ಕಟ್ಟಿ ಬಾವಿಯಿಂದ ನೀರು ಹೊತ್ತು, ಚೊಂಬಿನಲ್ಲಿ ಸಸಿ ಸಸಿಗೂ ಹುಯ್ಯುತ್ತಿದ್ದಾರೆ. ಮೂರು ಮಡಿ ಮುಗಿದಿದೆ. ಒಗೆದ ಅಂಗಿ ಕೆಸರು. ಹಿಂದೆ ಸಾಕಮ್ಮ, ಇನ್ನೊಂದು ಚೊಂಬು.

"ಬೇರಿಗೆ ಹುಯ್ಯೋ ಮುತ್ತರಾಯ, ತಲೆ ಮೇಲಲ್ಲ. ಮೂರೇ ವರ್ಸ ಎ.ಸಿ.ಯಾಗೆ ಕುಂತಿದ್ಕೆ ಬೇರೆಲ್ಲೈತೆ ಅನ್ನೋದೇ ಮರ್ತೋಯ್ತಾ?"

ಮುತ್ತರಾಯಪ್ಪ ಕತ್ತೆತ್ತಿ ಮೊದಲು ಕೇಳಿದ್ದು: "ಹನ್ನೊಂದೂ ತಗಂತಾ?"

ತಗೊಂಡಿತು, ನಾಲ್ಕು ಪರದೆಯೂ ಎದ್ದಿವೆ, ಲಾರಿ ಬರುವುದಿಲ್ಲ ಎಂದಾಗ ಚೊಂಬು ಕೆಳಗಿಟ್ಟು, ಎರಡೂ ಕೈಯನ್ನು ಪಂಚೆಗೆ ಚೆನ್ನಾಗಿ ಒರೆಸಿಕೊಂಡು ಫಾರಂ ತೆಗೆದುಕೊಳ್ಳುತ್ತಾರೆ. ಯಂತ್ರಕ್ಕೆ ಜಾಗ ಅಣಿಮಾಡಿದವರ ಹೆಸರು ಬರೆಯಲು ಅದರಲ್ಲಿ ಒಂದು ಗೆರೆ ಅಚ್ಚಾಗಿದೆ. ಅದರ ಮೇಲೆ ತಮಿಳಿನಲ್ಲಿ ನಿಧಾನವಾಗಿ ರುಜು ಹಾಕುತ್ತಾರೆ. ಹಾಕಿ, ತಕ್ಷಣ ವಾಪಸು ಕೊಡದೆ ನೋಡುತ್ತ ನಿಲ್ಲುತ್ತಾರೆ.

"ಒಂದೇ ಗೆರೆ ಮಡಗವ್ರೆ. ಇದು ಒಬ್ಬನ ಕೆಲ್ಸ ಅಲ್ವಲ್ಲ. ಇನ್ನೂ ಆರು ಗೆರೆ ಇದ್ದಿದ್ರೆ ಚೆನ್ನಾಗಿತ್ತು. ನಿಮ್ ಪೇಪರ್‌ನಾಗೆ ಜಾಗ ಐತಾ?"

ಪತ್ರಿಕೆಯಲ್ಲಿ ಇದೆ ಎಂದು ನಾವು ಹೇಳಿದ್ದಕ್ಕೆ ಹೊಲಗಳ ಕಡೆ ಕೈ ತೋರಿಸುತ್ತ ಒಂದೊಂದೇ ಹೆಸರು ಹೇಳುತ್ತಾರೆ, ಬರೆದುಕೊಳ್ಳುವವರೆಗೂ ಕಾಯುತ್ತಾರೆ. ಮೊದಲ ಹೆಸರು ಯಾರದಿರಬೇಕು ಎನ್ನುವಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಅವರು ಹೇಳಿದ ಕ್ರಮದಲ್ಲೇ ಇಲ್ಲಿದೆ: ಸಾಕಮ್ಮ, ಅಂಜಮ್ಮ, ರಾಮಕೃಷ್ಣಪ್ಪ, ಶ್ಯಾಮಣ್ಣ, ಪಾಪಯ್ಯ, ಬಚ್ಚಪ್ಪ.